ಅಲ್ಯೂಮಿನಿಯಂ ಬೋಟು ಯಾರಿಗೆ ಒಗ್ಗುತ್ತದೆ: ನನ್ನ ಅನುಭವ

ಗಟ್ಟಿಮುಟ್ಟಾದ ಅಲ್ಯೂಮಿನಿಯಂ ಬೋಟು ಕೊಳ್ಳಬೇಕು ಎಂದು ಸಲಹೆ ಕೇಳಲು ಬಂದವರಿಗೆ ನನ್ನ ಮೊದಲ ಪ್ರಶ್ನೆ, ಬೋಟನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದು. ವೇಗ ಎಷ್ಟಿರಬೇಕು, ಇಂಜಿನ್ ಯಾವುದು, ಎಷ್ಟು ಜನ ಮಲಗಬೇಕು ಎಂಬುದೆಲ್ಲ ಆಮೇಲಿನ ಮಾತು. ಜಲ್ಲಿಕಲ್ಲಿನ ದಡಕ್ಕೆ ಮೂತಿ ಹತ್ತಿಸಿ ಸಾಮಾನು ಇಳಿಸುವವರಿಗೆ ಇದರಷ್ಟು ಒದಗುವ ಬೋಟು ಬೇರೆ ಇಲ್ಲ. ಮರೀನಾದಲ್ಲಿ, ಅಂದರೆ ಬೋಟುಗಳನ್ನು ಸಾಲಾಗಿ ಕಟ್ಟಿಡುವ ಬಂದರಿನಲ್ಲಿ, ದಡದ ಕರೆಂಟಿನ ಪ್ಲಗ್ ಹಾಕಿ ತಿಂಗಳುಗಟ್ಟಲೆ ಕಟ್ಟಿಡುವವರಿಗೆ ಮಾತ್ರ ಬೇಡ ಎಂದೇ ಹೇಳುತ್ತೇನೆ.

ನಾನು ಈ ಕಸುಬಿಗೆ ಬಂದದ್ದು ವೆಲ್ಡರ್ ಆಗಿ. ತಳದ ಪ್ಲೇಟುಗಳನ್ನು ಜೋಡಿಸುತ್ತಿದ್ದವನು ಈಗ ಕೊಳ್ಳುವವರ ಪರವಾಗಿ ಬೋಟುಗಳನ್ನು ಪರೀಕ್ಷೆ ಮಾಡುತ್ತೇನೆ. ಎರಡೂ ಕಡೆ ಕೆಲಸ ಮಾಡಿದ್ದರಿಂದ ನನಗೆ ಖಚಿತವಾದ ಒಂದು ಸಂಗತಿಯಿದೆ. ಜಾಹೀರಾತುಗಳು ಈ ಬೋಟನ್ನು ಅಲೆಗಳನ್ನು ಸೀಳುವ ವೀರನಂತೆ ತೋರಿಸುತ್ತವೆ, ಆದರೆ ಅಲ್ಯೂಮಿನಿಯಂನ ನಿಜವಾದ ಗುಣ ಕಾಣುವುದು ಅದು ನೆಲಕ್ಕೆ ತಾಗಿದಾಗ.

ಬೋಟಿನ ತಳಕ್ಕೆ ಬಳಸುವ 5083 ಅಥವಾ 5086 ಮಿಶ್ರಲೋಹದಲ್ಲಿ ಮೆಗ್ನೀಸಿಯಂ ಇರುತ್ತದೆ. ಬಂಡೆಗೆ ಬಡಿದರೆ ಇದು ಬಗ್ಗುತ್ತದೆ, ಹಿಗ್ಗುತ್ತದೆ, ತಗ್ಗು ಬೀಳುತ್ತದೆ, ಒಡೆಯುವುದು ಅಪರೂಪ. ಫೈಬರ್ ಬೋಟಿನಲ್ಲಿ ಹಾಗಲ್ಲ. ಜೆಲ್‌ಕೋಟ್ ಎಂಬ ಮೇಲಿನ ನಯವಾದ ಹೊದಿಕೆ ಕಿತ್ತುಹೋದರೆ ಒಳಗಿನ ಪದರಕ್ಕೆ ನೀರು ಇಳಿಯಲು ದಾರಿಯಾಗುತ್ತದೆ. ಉಕ್ಕು ಗಟ್ಟಿಯೇನೋ ಹೌದು, ಆದರೆ ಅಷ್ಟೇ ಗಾತ್ರದ ಅಲ್ಯೂಮಿನಿಯಂನ ಸುಮಾರು ಮೂರುಪಟ್ಟು ತೂಕ.

ಅಲೆಯ ವಿಷಯ ಬೇರೆಯೇ. ಅಲೆಯಲ್ಲಿ ಬೆನ್ನುಮೂಳೆ ಉಳಿಸುವುದು ಲೋಹವಲ್ಲ, ತಳದ ಆಕಾರ ಮತ್ತು ಬೋಟಿನ ತೂಕ. ಹಿಂಬದಿಯಲ್ಲಿ 20 ಡಿಗ್ರಿಗಿಂತ ಹೆಚ್ಚು ಇಳಿಜಾರಿರುವ, ಇಂಗ್ಲಿಷಿನ ವಿ ಅಕ್ಷರದಂಥ ತಳ ಅಲೆಯನ್ನು ಮೆತ್ತಗೆ ಕತ್ತರಿಸುತ್ತದೆ. 12 ಡಿಗ್ರಿಯ ಹಗುರ ಬೋಟು ಎಷ್ಟೇ ದಪ್ಪ ಪ್ಲೇಟಿನದಾದರೂ ಕುಕ್ಕುತ್ತದೆ. ಯುರೋಪಿನ ನಿಯಮದಲ್ಲಿ ಮನರಂಜನಾ ಬೋಟುಗಳಿಗೆ ಎ, ಬಿ, ಸಿ, ಡಿ ಎಂಬ ವರ್ಗಗಳಿವೆ. ಸಿ ವರ್ಗ ಎಂದರೆ 2 ಮೀಟರ್ ಅಲೆಯವರೆಗೆ, ಬಿ ಎಂದರೆ 4 ಮೀಟರ್‌ವರೆಗೆ. ಯುದ್ಧನೌಕೆಯ ಹಾಗೆ ಕಾಣುವ ಎಷ್ಟೋ ಬೋಟುಗಳ ಫಲಕದ ಮೇಲೆ ಸಿ ಎಂದಿರುತ್ತದೆ. ಕೊಳ್ಳುವವರನ್ನು ಕರೆದೊಯ್ದು ಆ ಫಲಕ ತೋರಿಸುವುದು ನನ್ನ ರೂಢಿ.

ಈ ಬೋಟುಗಳು ಹುಟ್ಟಿದ್ದೇ ನೆಲಕ್ಕೆ ಹೆದರದವರಿಗಾಗಿ. ನ್ಯೂಜಿಲೆಂಡ್‌ನ ದಕ್ಷಿಣ ತುದಿಯ ಇನ್ವರ್ಕಾರ್ಗಿಲ್‌ನಲ್ಲಿ 1987ರಲ್ಲಿ ಶುರುವಾದ ಸ್ಟೆಬಿಕ್ರಾಫ್ಟ್ ಎಂಬ ಬೋಟು ಕಂಪನಿ ಮೊದಲು ಕಟ್ಟಿದ್ದು ಬಂಡೆಗಳ ನಡುವೆ ಪಾವಾ ಎಂಬ ಕಡಲಚಿಪ್ಪು ತೆಗೆಯುವ ಮುಳುಗುಗಾರರಿಗೆ. ಫಿನ್ಲೆಂಡ್, ಸ್ವೀಡನ್‌ಗಳಲ್ಲಿ ಸಾವಿರಾರು ಕಲ್ಲುದ್ವೀಪಗಳಿವೆ. ಅಲ್ಲಿನವರು ಬಂಡೆಗೇ ಮೂತಿ ಆನಿಸಿ ಇಳಿಯುತ್ತಾರೆ. ಅಮೆರಿಕದ ವಾಯವ್ಯ ಕರಾವಳಿ ಮತ್ತು ಕೆನಡಾದ ಪಶ್ಚಿಮ ತೀರದ ನೀರಿನಲ್ಲಿ ಅರ್ಧ ಮುಳುಗಿದ ಮರದ ದಿಮ್ಮಿಗಳು ತೇಲುತ್ತಿರುತ್ತವೆ, ಆದ್ದರಿಂದ ಅಲ್ಲಿಯೂ ಅಲ್ಯೂಮಿನಿಯಂ ನೆಲೆ ನಿಂತಿತು. ಪೊಲೀಸರು, ರಕ್ಷಣಾ ತಂಡಗಳು, ಹಡಗುಗಳಿಗೆ ದಾರಿ ತೋರುವ ಪೈಲಟ್‌ಗಳನ್ನು ಒಯ್ಯುವ ಬೋಟಿನವರು ಹಲವೆಡೆ ಇವನ್ನೇ ಬಳಸುತ್ತಾರೆ. ಇಂಥವರ ಬೋಟು ನೋಡಿ ಮನಸೋತವರು ಈಗಿನ ಹೊಸ ಗಿರಾಕಿಗಳು. ಕಪ್ಪು ಬಣ್ಣ, ನೆಟ್ಟಗಿನ ಮೂತಿ, ಮೇಲೆ ಸೈಕಲ್ ಕಟ್ಟುವ ಚೌಕಟ್ಟು ಎಲ್ಲವೂ ಅವರಿಗೆ ಬೇಕು. ಆಸೆ ಪಡುವುದರಲ್ಲಿ ತಪ್ಪಿಲ್ಲ. ಆದರೆ ಆ ಬಣ್ಣದ ಬಗ್ಗೆ ನನಗೆ ತಕರಾರಿದೆ.

ಅಲ್ಯೂಮಿನಿಯಂ ತನ್ನ ಮೈಮೇಲೆ ತಾನೇ ತೆಳ್ಳನೆಯ ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ. ಗೀರಿದರೂ ಪೊರೆ ಕೂಡಲೇ ಮತ್ತೆ ಕಟ್ಟುತ್ತದೆ. ಬಣ್ಣ ಹಚ್ಚಿದಲ್ಲಿ, ಅದರಲ್ಲೂ ಸ್ಟೇನ್‌ಲೆಸ್ ಸ್ಕ್ರೂ ಹೊಕ್ಕ ತೂತಿನ ಸುತ್ತ, ತೇವ ಬಣ್ಣದಡಿ ನುಸುಳಿ ಗುಳ್ಳೆ ಎಬ್ಬಿಸುತ್ತದೆ. ಬೋಟು ವಿನ್ಯಾಸಕ ಸ್ಟೀವ್ ಡ್ಯಾಶ್ಯೂ ರೂಪಿಸಿದ 83 ಅಡಿಯ ವಿಂಡ್ ಹಾರ್ಸ್ ಎಂಬ ಅಲ್ಯೂಮಿನಿಯಂ ಬೋಟು 2005ರಲ್ಲಿ ನೀರಿಗಿಳಿದಾಗ ಅದರ ಪಕ್ಕಗಳಿಗೆ ಬಣ್ಣವೇ ಇರಲಿಲ್ಲ. ದೂರದ ಸಾಗರಯಾನಕ್ಕೆಂದು ಕಟ್ಟಿದ ಬೋಟು ಅದು. ನನ್ನ ಸಲಹೆಯೂ ಅದೇ: ಕಾಲು ಜಾರದಂತೆ ಡೆಕ್‌ಗೆ ಏನು ಬೇಕೋ ಹಾಕಿ, ಪಕ್ಕಗಳನ್ನು ಬರಿಮೈಯಲ್ಲಿ ಬಿಡಿ.

ಪರೀಕ್ಷೆಗೆ ಹೋದಾಗ ನಾನು ಹೊರಮೈಯ ತಗ್ಗುಗಳನ್ನು ಬೇಗ ನೋಡಿ ಮುಗಿಸುತ್ತೇನೆ. ಬಹಳ ಹೊತ್ತು ಹಿಡಿಯುವುದು ಬಿಲ್ಜ್, ಅಂದರೆ ನೆಲದ ಹಲಗೆಯಡಿ ನೀರು ಸೇರುವ ತಳಭಾಗ. ಒಮ್ಮೆ ಕ್ಯಾಬಿನ್ನಿನ ನೆಲದ ಹಲಗೆ ಎತ್ತಿದಾಗ ಅಡಿಯಲ್ಲಿ ಒದ್ದೆ ಫೋಮ್ ಇತ್ತು. ಅದನ್ನು ಸರಿಸಿದರೆ ತಳದ ಪ್ಲೇಟಿನ ಮೇಲೆ ಬಿಳಿ ಪುಡಿ ಗುಪ್ಪೆಯಾಗಿತ್ತು. ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದಾಗ ಪುಡಿಯ ನಡುವೆ ಉಗುರಿನುದ್ದದ ತಾಮ್ರದ ತಂತಿಯ ತುಂಡು ಸಿಕ್ಕಿತು. ಯಾರೋ ವೈರಿಂಗ್ ಮಾಡುವಾಗ ಕತ್ತರಿಸಿ ಬೀಳಿಸಿದ್ದು. ಅದರ ಕೆಳಗೆ ಬೆಂಕಿಕಡ್ಡಿಯ ತಲೆ ಹಿಡಿಸುವಷ್ಟು ಗುಳಿ. ಆಳ ಅಳೆದರೆ 5 ಮಿಲಿಮೀಟರ್ ಪ್ಲೇಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಹೊರಗಡೆ ಅದೇ ಜಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಉಪ್ಪುನೀರಿನಲ್ಲಿ ತಾಮ್ರ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿದರೆ ಬ್ಯಾಟರಿಯೇ ಆದಂತೆ, ಅದರಲ್ಲಿ ಕರಗುವುದು ಅಲ್ಯೂಮಿನಿಯಂ. ಒದ್ದೆ ಫೋಮ್, ಕಾರ್ಪೆಟ್‌ಗಳ ಅಡಿಯಲ್ಲಿ ಗಾಳಿಯಾಡದ ಕಾರಣ ಕಾಯುವ ಪೊರೆಯೂ ಮತ್ತೆ ಕಟ್ಟುವುದಿಲ್ಲ. ಈ ಬೋಟಿಗೆ ಬಂಡೆಗಿಂತ ದೊಡ್ಡ ವೈರಿ ಇದೇ. ಪಾಚಿ, ಚಿಪ್ಪು ಅಂಟದಿರಲೆಂದು ತಳಕ್ಕೆ ಬಳಿಯುವ ತಾಮ್ರದ ಬಣ್ಣವನ್ನು ಇವಕ್ಕೆ ಎಂದೂ ಹಚ್ಚಬಾರದು ಎನ್ನುವುದೂ ಇದಕ್ಕೇ.

ಆಮೇಲೆ ಕರೆಂಟು. ಪ್ರತಿ ದೀಪಕ್ಕೂ ಪಂಪಿಗೂ ಹೋಗುವ ತಂತಿ, ಬರುವ ತಂತಿ ಎರಡೂ ಬೇರೆಬೇರೆ ಇರಬೇಕು. ಬೋಟಿನ ಮೈಯನ್ನೇ ವಾಪಸ್ ತಂತಿಯಾಗಿ ಬಳಸಬಾರದು. ಒಂದೊಂದೇ ಸ್ವಿಚ್ ಹಾಕುತ್ತಾ ಮೀಟರ್ ನೋಡುತ್ತೇನೆ. ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡನ್ನು ಉಪ್ಪುನೀರಿಗೆ ಇಳಿಬಿಟ್ಟು ಮೈಯ ವೋಲ್ಟೇಜ್ ಅಳೆದಾಗ ಸುಮಾರು ಮೈನಸ್ 950ರಿಂದ ಮೈನಸ್ 1100 ಮಿಲಿವೋಲ್ಟ್ ನಡುವೆ ಬಂದರೆ ಆನೋಡುಗಳು, ಅಂದರೆ ಬೋಟಿನ ಮೈಯ ಬದಲು ತಾವೇ ಸವೆಯಲೆಂದು ಕೂರಿಸಿದ ಲೋಹದ ತುಂಡುಗಳು, ತಮ್ಮ ಕೆಲಸ ಮಾಡುತ್ತಿವೆ ಎಂದರ್ಥ. ಸ್ವಿಚ್ ಹಾಕಿದಾಗ ಮುಳ್ಳು ಅಲುಗಿದರೆ ಆ ಲೈನಿನಲ್ಲಿ ಸೋರಿಕೆ ಇದೆ. ಮರೀನಾದಲ್ಲಿ ದಡದ ಕರೆಂಟಿನ ಅರ್ಥ್ ತಂತಿ ಅಕ್ಕಪಕ್ಕದ ಬೋಟುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿಬಿಡುತ್ತದೆ. ಪಕ್ಕದವರ ಕಂಚಿನ ಪ್ರೊಪೆಲ್ಲರ್ ಕಾಯಲು ನಿಮ್ಮ ಬೋಟಿನ ಮೈ ಸವೆಯುತ್ತದೆ. ಗ್ಯಾಲ್ವನಿಕ್ ಐಸೊಲೇಟರ್ ಅಥವಾ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿಸಿ ಇದನ್ನು ತಡೆಯಬಹುದು. ಅದನ್ನು ನೋಡಿಕೊಳ್ಳುವ ಆಸಕ್ತಿ ಇರುವವರು ಮಾತ್ರ ಅಲ್ಲಿ ಕಟ್ಟಲಿ.

ಬೆಸುಗೆ ನೋಡುವಾಗ ನನ್ನ ಹಳೆಯ ಕಸುಬು ಕೈಹಿಡಿಯುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಅದರ ಮೇಲಿನ ಆಕ್ಸೈಡ್ ಕರಗುವುದು 2000 ಡಿಗ್ರಿ ದಾಟಿದ ಮೇಲೆ. ಬ್ರಷ್ಷಿನಿಂದ ಚೆನ್ನಾಗಿ ಉಜ್ಜದೆ ಬೆಸೆದರೆ ಹೊರಗೆ ಥಳುಕು, ಒಳಗೆ ಹುಳುಕು. ಸರಿಯಾಗಿ ಬೆಸೆದರೂ ಪಕ್ಕದ ಪಟ್ಟಿ ಶಾಖಕ್ಕೆ ಮೆದುವಾಗುತ್ತದೆ. ಚೌಕಟ್ಟಿಗೆ ಬಳಸುವ 6061 ಮಿಶ್ರಲೋಹದಲ್ಲಂತೂ ಸುಮಾರು ಅರ್ಧದಷ್ಟು ಬಲ ಹೋಗುತ್ತದೆ. ಸಾಲದ್ದಕ್ಕೆ ಅಲ್ಯೂಮಿನಿಯಂ ದಣಿಯುವ ಲೋಹ. ಸಣ್ಣ ಪೆಟ್ಟುಗಳೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತವೆ. ಇಂಜಿನ್ ಹೊರುವ ಹಿಂಬದಿಯ ಮೂಲೆಗಳು, ಪಕ್ಕೆಲುಬುಗಳ ತುದಿಗಳು, ಬೆಸುಗೆ ನಿಲ್ಲಿಸಿ ಮತ್ತೆ ಶುರುಮಾಡಿದ ಜಾಗಗಳು, ಇಷ್ಟಕ್ಕೂ ಬಿರುಕಿಗೆ ಇಳಿದು ಗೆರೆಯಾಗಿ ಕಾಣುವ ಕೆಂಪು ಡೈ ಹಚ್ಚಿ ಕೂದಲೆಳೆಯ ಬಿರುಕಿದೆಯೇ ಎಂದು ಹುಡುಕುತ್ತೇನೆ.

ರಾತ್ರಿ ಬೋಟಿನಲ್ಲೇ ಮಲಗುವ ದಂಪತಿಗಳು ಬಂದರೆ ಸದ್ದಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಲಂಗರು ಹಾಕಿದಾಗ ಕಿರುಅಲೆ ತಳಕ್ಕೆ ತಟ್ಟುವ ಸದ್ದು ಇದರಲ್ಲಿ ಫೈಬರ್‌ಗಿಂತ ಜೋರು. ಚಳಿಯಿರುವ ಕಡೆ ಉಸಿರಿನ ತೇವ ಒಳಗೋಡೆಯ ಮೇಲೆ ಹನಿಗಟ್ಟಿ ಹಾಸಿಗೆಗೆ ಇಳಿಯುತ್ತದೆ. ಚೆನ್ನಾದ ಇನ್ಸುಲೇಷನ್ ಇದ್ದರೆ ಎರಡೂ ತಗ್ಗುತ್ತವೆ. ಕೊಳ್ಳುವ ಮುಂಚೆ ಒಂದು ರಾತ್ರಿ ಅದರಲ್ಲೇ ಕಳೆದು ನೋಡಿ ಎಂದು ಒತ್ತಾಯ ಮಾಡುತ್ತೇನೆ. ಮಾರುವವರು ಒಪ್ಪದಿದ್ದರೆ ಬೇರೆ ಬೋಟು ನೋಡುವುದೇ ಒಳ್ಳೆಯದು.

ನನಗೆ ತುಂಬ ಸಮಾಧಾನ ಕೊಟ್ಟ ಗಿರಾಕಿ ಎಂದರೆ ದ್ವೀಪಗಳಲ್ಲಿ ಹಕ್ಕಿ ಗಣತಿ ಮಾಡುವ ಒಬ್ಬರು. ಜೆಟ್ಟಿಯಿಲ್ಲದ ದಡದಲ್ಲಿ ಉಪಕರಣ ಇಳಿಸಬೇಕು, ಸಂಜೆ ಟ್ರೇಲರ್ ಮೇಲೆ ಎಳೆದು ಮನೆಗೊಯ್ಯಬೇಕು. ಶೋರೂಮಿನ ಕಪ್ಪು ಬೋಟು ಅವರ ಕಣ್ಣಿಗೆ ಹಿಡಿಸಿತ್ತು. ಅದೇ ಅಳತೆಯ, ಕೆಲಸಕ್ಕೆ ದುಡಿದು ಮೈಯೆಲ್ಲ ತಗ್ಗುಬಿದ್ದ, ಮೂತಿಯಲ್ಲಿ ಇಳಿಯುವ ಬಾಗಿಲಿದ್ದ ಹಳೆಯದೊಂದನ್ನು ತೋರಿಸಿದೆ. ಬಿಲ್ಜ್ ಒಣಗಿತ್ತು, ಮೀಟರ್ ಮುಳ್ಳು ಅಲುಗಲಿಲ್ಲ, ಡೈ ಎಲ್ಲೂ ಗೆರೆ ಎಳೆಯಲಿಲ್ಲ. ಅವರು ಅದನ್ನೇ ಕೊಂಡರು. ಕಾರ್ಪೆಟ್ ಕಿತ್ತೆಸೆದೆವು, ಆನೋಡು ಬದಲಿಸಿದೆವು, ಸ್ಟೇನ್‌ಲೆಸ್ ಬೋಲ್ಟುಗಳನ್ನೆಲ್ಲ ಬಿಚ್ಚಿ ನಡುವೆ ನೈಲಾನ್ ವಾಷರ್ ಕೊಟ್ಟು ಮತ್ತೆ ಕೂರಿಸಿದೆವು. ತಗ್ಗುಗಳನ್ನು ಹಾಗೇ ಬಿಟ್ಟೆವು.