ಬ್ರಿಟನ್ನಿನ ಉಪಚುನಾವಣೆ: ಅಭ್ಯರ್ಥಿ ಆಯ್ಕೆ, ಗೆಲುವಿನ ಲೆಕ್ಕ

ಬ್ರಿಟನ್ನಿನಲ್ಲಿ ಒಂದು ಸಂಸತ್ ಸ್ಥಾನ ತೆರವಾಗುವ ಸೂಚನೆ ಸಿಕ್ಕ ಕೂಡಲೇ ನಾವು ಕೈಗೆತ್ತಿಕೊಳ್ಳುವುದು ಕ್ಯಾಲೆಂಡರನ್ನು. ಅಲ್ಲಿ ಉಪಚುನಾವಣೆಯ ದಿನಾಂಕ ಚುನಾವಣಾ ಆಯೋಗದ ಕೈಯಲ್ಲಿಲ್ಲ. ಆ ಸ್ಥಾನ ಯಾವ ಪಕ್ಷದ್ದಾಗಿತ್ತೋ ಆ ಪಕ್ಷದ ಮುಖ್ಯ ಸಚೇತಕರು ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ರಿಟ್‌ಗೆ, ಅಂದರೆ ಚುನಾವಣೆ ನಡೆಸುವ ಆದೇಶಕ್ಕೆ, ಸೂಚನೆ ಮಂಡಿಸಬೇಕು. ಮೂರು ತಿಂಗಳೊಳಗೆ ಮಂಡಿಸುವುದು ರೂಢಿಯೇ ಹೊರತು ಕಾನೂನಲ್ಲ. ರಿಟ್ ಹೊರಟ ಮೇಲೆ 21ರಿಂದ 27 ಕೆಲಸದ ದಿನಗಳೊಳಗೆ ಮತದಾನ. ಸ್ಥಾನ ನಿಮ್ಮದಾಗಿದ್ದರೆ ದಿನಾಂಕವೂ ನಿಮ್ಮದು. ಎದುರಾಳಿಯದಾಗಿದ್ದರೆ ರಿಟ್ ನಾಳೆಯೇ ಬರುತ್ತದೆ ಎಂದುಕೊಂಡು ಕೂರಬೇಕು.

ಇದರಲ್ಲಿ ಎರಡು ತುದಿಗಳಿವೆ. ಮಿಡ್ ಬೆಡ್‌ಫರ್ಡ್‌ಶೈರ್‌ನಲ್ಲಿ ಕನ್ಸರ್ವೇಟಿವ್ ಸಂಸದೆ ನಡೀನ್ ಡಾರಿಸ್ 2023ರ ಜೂನ್‌ನಲ್ಲಿ ರಾಜೀನಾಮೆ ಕೊಡುತ್ತೇನೆ ಎಂದರು, ವಿಧಿವತ್ತಾಗಿ ಕೊಟ್ಟಿದ್ದು ಆಗಸ್ಟ್ ಕೊನೆಗೆ, ಮತದಾನ ಅಕ್ಟೋಬರ್ 19ಕ್ಕೆ. ಪಕ್ಷಗಳಿಗೆ ಅಭ್ಯರ್ಥಿಯನ್ನು ಆರಿಸಿ ತಿಂಗಳುಗಟ್ಟಲೆ ಊರೂರು ಸುತ್ತಿಸಲು ಸಮಯವಿತ್ತು. ರೋಚ್‌ಡೇಲ್‌ನಲ್ಲಿ ಲೇಬರ್ ಸಂಸದ ಸರ್ ಟೋನಿ ಲಾಯ್ಡ್ ತೀರಿಕೊಂಡದ್ದು 2024ರ ಜನವರಿ 17ರಂದು. ನಾಮಪತ್ರಕ್ಕೆ ಕೊನೆಯ ದಿನ ಫೆಬ್ರುವರಿ 2. ಅಂದರೆ ಹದಿನಾರೇ ದಿನ. ಆ ಹದಿನಾರು ದಿನದ ಆಯ್ಕೆ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಆಯ್ಕೆ ಸಮಿತಿಯಲ್ಲೂ ಅಭ್ಯರ್ಥಿಯ ಚುನಾವಣಾ ಏಜೆಂಟರ ಮೇಜಿನ ಬಳಿಯೂ ಕೆಲಸ ಮಾಡಿದ ಮೇಲೆ ನನಗೆ ಖಾತ್ರಿಯಾದ ವಿಷಯ ಒಂದಿದೆ. ಸಾರ್ವತ್ರಿಕ ಚುನಾವಣೆಯಲ್ಲಿ ಜನ ಪಕ್ಷ ನೋಡಿ, ಪ್ರಧಾನಿ ಯಾರಾಗಬೇಕು ಎಂದು ನೋಡಿ ಮತ ಹಾಕುತ್ತಾರೆ. ಉಪಚುನಾವಣೆಯಲ್ಲಿ ಸರ್ಕಾರ ಬದಲಾಗುವುದಿಲ್ಲ ಎಂದು ಅವರಿಗೆ ಗೊತ್ತು. ಹಾಗಾಗಿ ಅಭ್ಯರ್ಥಿಯನ್ನು ಭೂತಗನ್ನಡಿ ಹಿಡಿದು ನೋಡುತ್ತಾರೆ. ಅಭ್ಯರ್ಥಿ ಅತಿ ಹೆಚ್ಚು ತೂಗುವ ಚುನಾವಣೆಗೇ ಆಯ್ಕೆಯ ಸಮಯ ಅತಿ ಕಡಿಮೆ.

ಸಮಯ ಉಳಿಸಲು ದೊಡ್ಡ ಪಕ್ಷಗಳೆಲ್ಲ ಉಪಚುನಾವಣೆಯಲ್ಲಿ ಅಧಿಕಾರವನ್ನು ಮೇಲಕ್ಕೆ ಎಳೆದುಕೊಳ್ಳುತ್ತವೆ. ಲೇಬರ್ ಪಕ್ಷದಲ್ಲಿ ರಾಷ್ಟ್ರೀಯ ಕಾರ್ಯಕಾರಿ ಸಮಿತಿ ನೇಮಿಸಿದ ಸಣ್ಣ ತಂಡ ಅರ್ಜಿಗಳನ್ನು ಸೋಸಿ ಕಿರುಪಟ್ಟಿ ಮಾಡುತ್ತದೆ, ಸ್ಥಳೀಯ ಸದಸ್ಯರು ಅದರಲ್ಲಿ ಒಬ್ಬರಿಗೆ ಮತ ಹಾಕುತ್ತಾರೆ. ಕನ್ಸರ್ವೇಟಿವ್ ಪಕ್ಷದಲ್ಲಿ ಕೇಂದ್ರ ಕಚೇರಿಯ ಅನುಮೋದಿತ ಪಟ್ಟಿಯಲ್ಲಿ ಹೆಸರಿರಬೇಕು. ಲಿಬರಲ್ ಡೆಮಾಕ್ರಾಟರಲ್ಲೂ ಮೊದಲೇ ಅನುಮೋದನೆ ಪಡೆದವರಿಗೆ ಮಾತ್ರ ಅವಕಾಶ. ಕಿರುಪಟ್ಟಿಯಲ್ಲಿ ಊರಿನವರೇ ಇಲ್ಲದಿದ್ದರೆ ಅಸಮಾಧಾನ ಏಳುತ್ತದೆ. 2022ರಲ್ಲಿ ವೇಕ್‌ಫೀಲ್ಡ್‌ನಲ್ಲಿ ಕಿರುಪಟ್ಟಿಗೆ ಪ್ರತಿಭಟಿಸಿ ಲೇಬರ್‌ನ ಸ್ಥಳೀಯ ಪದಾಧಿಕಾರಿಗಳು ರಾಜೀನಾಮೆ ಕೊಟ್ಟರು. ಆದರೂ ಸೈಮನ್ ಲೈಟ್‌ವುಡ್ 4,925 ಮತಗಳಿಂದ ಗೆದ್ದರು. ನಾನು ಕಂಡಂತೆ ಇಂಥ ಜಗಳದಿಂದ ಕಳೆದುಹೋಗುವುದು ಮತಗಳಲ್ಲ, ಕರಪತ್ರ ಹಂಚುವ ಕೈಗಳು. ಆದರೆ 2021ರ ಹಾರ್ಟ್ಲ್‌ಪೂಲ್ ಬೇರೆ ಮಾತು. ಐರೋಪ್ಯ ಒಕ್ಕೂಟ ಬಿಡುವುದಕ್ಕೆ ಭಾರಿ ಬಹುಮತ ಕೊಟ್ಟಿದ್ದ ಊರಿಗೆ, ಉಳಿಯಬೇಕೆಂದು ವಾದಿಸಿದ್ದ ಪಾಲ್ ವಿಲಿಯಮ್ಸ್ ಅವರೊಬ್ಬರದ್ದೇ ಹೆಸರಿನ ಕಿರುಪಟ್ಟಿ ಹೋಯಿತು. ಕನ್ಸರ್ವೇಟಿವ್ 6,940 ಮತಗಳಿಂದ ಗೆದ್ದಿತು. ಕಿರುಪಟ್ಟಿಯಲ್ಲಿ ಎರಡು ಮೂರು ಹೆಸರಿದ್ದಿದ್ದರೆ ಆ ಪ್ರಶ್ನೆ ಸದಸ್ಯರ ಸಭೆಯಲ್ಲೇ ಏಳುತ್ತಿತ್ತು. ಸಭೆ ನಡೆಸುವುದೇ ಅದಕ್ಕೆ.

ಇನ್ನು ಹಿನ್ನೆಲೆ ಪರಿಶೀಲನೆ. ಅರ್ಧಕ್ಕರ್ಧ ಸಮಯ ಇದಕ್ಕೇ ಹೋಗಬೇಕು. ಮೊದಲು ಅನರ್ಹತೆ: ಪೊಲೀಸರು, ಸೈನಿಕರು, ಸರ್ಕಾರಿ ನೌಕರರು, ಪೂರ್ಣಾವಧಿ ನ್ಯಾಯಾಧೀಶರು ಹುದ್ದೆಯಲ್ಲಿದ್ದುಕೊಂಡು ನಿಲ್ಲುವಂತಿಲ್ಲ. ಸ್ಥಳೀಯ ಕೌನ್ಸಿಲ್‌ಗಳಲ್ಲೂ ರಾಜಕೀಯ ನಿರ್ಬಂಧವಿರುವ ಹುದ್ದೆಗಳಿವೆ. ಇದನ್ನು ಬಹಳ ಜನ ಮರೆಯುತ್ತಾರೆ. ರಾಜೀನಾಮೆ ಅಂಗೀಕಾರವಾದ ಪತ್ರ ಕೈಗೆ ಬಂದ ಮೇಲೇ ಹೆಸರು ಘೋಷಿಸಿ. ಎರಡನೆಯದು ಸಾಮಾಜಿಕ ಜಾಲತಾಣ. ಈಗಿನ ಖಾತೆ ಸಾಲದು. ಹಳೆಯ ಹೆಸರುಗಳು, ಅಳಿಸಿದ ಖಾತೆಗಳು, ಫೇಸ್‌ಬುಕ್ ಗುಂಪುಗಳಲ್ಲಿ ಹಾಕಿದ ಕಾಮೆಂಟು, ಒತ್ತಿದ ಲೈಕು, ಎಲ್ಲವನ್ನೂ ಬರೆದುಕೊಡಲು ಹೇಳಬೇಕು. ಮೂರನೆಯದು ಕಂಪನಿಗಳ ನೋಂದಣಿ ಕಚೇರಿಯಾದ ಕಂಪನಿಸ್ ಹೌಸ್‌ನ ದಾಖಲೆ ಮತ್ತು ಕೋರ್ಟಿನ ಸಾಲದ ತೀರ್ಪುಗಳು. ನಾಲ್ಕನೆಯದು, ಕೌನ್ಸಿಲರ್ ಆಗಿದ್ದವರ ಮತದಾನದ ದಾಖಲೆ. ಹೊಲದಲ್ಲಿ ಹೊಸ ಬಡಾವಣೆ ಬೇಡ ಎಂದು ಕರಪತ್ರ ಹೊಡೆಸುವ ಮೊದಲು, ನಿಮ್ಮ ಅಭ್ಯರ್ಥಿ ಯೋಜನಾ ಸಮಿತಿಯಲ್ಲಿ ಅದೇ ಬಡಾವಣೆಗೆ ಕೈ ಎತ್ತಿದ್ದರೇ ಎಂದು ನಡಾವಳಿ ತೆಗೆದು ನೋಡಿ. ಎದುರಾಳಿ ಖಂಡಿತ ನೋಡುತ್ತಾನೆ.

ಆದರೆ ರೋಚ್‌ಡೇಲ್‌ನಲ್ಲಿ ಲೇಬರ್‌ಗೆ ಏಟು ಬಿದ್ದದ್ದು ಜಾಲತಾಣದಿಂದಲ್ಲ. ಅಭ್ಯರ್ಥಿ ಅಜರ್ ಅಲಿ ಪಕ್ಷದವರ ಒಳಸಭೆಯೊಂದರಲ್ಲಿ ಇಸ್ರೇಲ್ ಕುರಿತು ಆಡಿದ್ದ ಮಾತಿನ ಧ್ವನಿಮುದ್ರಿಕೆ ಪತ್ರಿಕೆಗೆ ಸಿಕ್ಕಿತು. ಫೆಬ್ರುವರಿ 12ರಂದು ಪಕ್ಷ ಬೆಂಬಲ ಹಿಂತೆಗೆದುಕೊಂಡಿತು. ಆದರೆ ನಾಮಪತ್ರ ಹಿಂಪಡೆಯುವ ಗಡುವು ಮುಗಿದು ಹತ್ತು ದಿನವಾಗಿತ್ತು. ಮತಪತ್ರದಲ್ಲಿ ಅವರ ಹೆಸರಿನೊಂದಿಗೆ ಲೇಬರ್ ಹೆಸರು ಹಾಗೇ ಉಳಿಯಿತು; ಬದಲಿ ಅಭ್ಯರ್ಥಿಗೆ ಕಾನೂನಿನಲ್ಲಿ ದಾರಿಯೇ ಇಲ್ಲ. ಅದೇ ಚುನಾವಣೆಯಲ್ಲಿ ಗ್ರೀನ್ ಪಕ್ಷವೂ ಹಳೆಯ ಪೋಸ್ಟುಗಳ ಕಾರಣಕ್ಕೆ ತನ್ನ ಅಭ್ಯರ್ಥಿಯ ಬೆನ್ನಿಗೆ ನಿಲ್ಲಲಿಲ್ಲ. ವರ್ಕರ್ಸ್ ಪಾರ್ಟಿಯ ಜಾರ್ಜ್ ಗ್ಯಾಲೋವೇ 12,335 ಮತ ಪಡೆದು ಗೆದ್ದರು. ಹಾಗಾಗಿ ಸಂದರ್ಶನದಲ್ಲಿ ನಾನು ತಪ್ಪದೇ ಕೇಳುವ ಪ್ರಶ್ನೆ: "ಕಳೆದ ಎರಡು ವರ್ಷದಲ್ಲಿ ಯಾವ ಯಾವ ಸಭೆಯಲ್ಲಿ ಮಾತಾಡಿದ್ದೀರಿ, ಯಾವ ವಾಟ್ಸಾಪ್ ಗುಂಪುಗಳಲ್ಲಿದ್ದೀರಿ, ಅದರಲ್ಲಿ ನಾಳೆ ಪತ್ರಿಕೆಯಲ್ಲಿ ಬಂದರೆ ಮುಜುಗರವಾಗುವಂಥದ್ದು ಏನಿದೆ?" ಉತ್ತರವನ್ನು ಬರೆಸಿ ಸಹಿ ಹಾಕಿಸಿಕೊಳ್ಳುತ್ತೇವೆ.

ಸ್ಥಾನ ಯಾಕೆ ತೆರವಾಯಿತೋ ಆ ಕಾರಣ ಮತಪತ್ರದ ಮೇಲೆ ಬರಬಾರದು. 2019ರಲ್ಲಿ ಬ್ರೆಕನ್ ಅಂಡ್ ರ್‍ಯಾಡ್ನರ್‌ಶೈರ್‌ನ ಮತದಾರರು ಮರುಕರೆ ಅರ್ಜಿಗೆ ಸಹಿ ಹಾಕಿ ಸ್ಥಾನ ಕಳೆಸಿದ ಕ್ರಿಸ್ ಡೇವಿಸ್ ಅವರನ್ನೇ ಕನ್ಸರ್ವೇಟಿವರು ಮತ್ತೆ ನಿಲ್ಲಿಸಿದರು. 1,425 ಮತಗಳಿಂದ ಸೋತರು. 2024ರಲ್ಲಿ ವೆಲಿಂಗ್‌ಬರೋದಲ್ಲಿ ಮರುಕರೆಯಿಂದ ಸ್ಥಾನ ಕಳೆದುಕೊಂಡ ಪೀಟರ್ ಬೋನ್ ಅವರ ಸಂಗಾತಿ ಹೆಲೆನ್ ಹ್ಯಾರಿಸನ್‌ಗೆ ಟಿಕೆಟ್ ಸಿಕ್ಕಿತು, ಅಲ್ಲೂ ಸೋಲು. ನಂಟು ನೆರವಾಗುವುದೂ ಉಂಟು: ಬ್ಯಾಟ್ಲಿ ಅಂಡ್ ಸ್ಪೆನ್‌ನಲ್ಲಿ ಹತ್ಯೆಯಾದ ಸಂಸದೆ ಜೋ ಕಾಕ್ಸ್ ಅವರ ತಂಗಿ ಕಿಮ್ ಲೆಡ್‌ಬೀಟರ್ 2021ರಲ್ಲಿ 323 ಮತಗಳಿಂದ ಲೇಬರ್‌ಗೆ ಸ್ಥಾನ ಉಳಿಸಿಕೊಟ್ಟರು. ಅವರು ಆ ಊರಿನವರೇ ಆಗಿದ್ದರು.

ಊರಿನವರು ಎಂಬುದು ಬರೀ ಭಾವನೆಯ ಮಾತಲ್ಲ, ಮತಪತ್ರದಲ್ಲೇ ಅಚ್ಚಾಗುತ್ತದೆ. ಮನೆ ವಿಳಾಸ ಬೇಡ ಎಂದರೆ ಯಾವ ಕ್ಷೇತ್ರದಲ್ಲಿ ವಾಸ ಎಂದು ಬರೆಯಬೇಕು. ಹೊರಗಿನವರಾಗಿದ್ದರೆ ಪಕ್ಕದ ಸಾಲಿನಲ್ಲೇ ಬೇರೆ ಕ್ಷೇತ್ರದ ಹೆಸರು ಕಾಣುತ್ತದೆ. ಹಾಗೆಂದು ಊರೊಂದೇ ಸಾಲದು. 2023ರಲ್ಲಿ ಅಕ್ಸ್‌ಬ್ರಿಜ್‌ನಲ್ಲಿ ಲೇಬರ್‌ನ ಡ್ಯಾನಿ ಬೀಲ್ಸ್ ಅಲ್ಲೇ ಬೆಳೆದವರು. ಆದರೆ ಕನ್ಸರ್ವೇಟಿವರ ಸ್ಟೀವ್ ಟಕ್‌ವೆಲ್ ಅಲ್ಲಿನ ಹಾಲಿ ಕೌನ್ಸಿಲರ್, ಜೊತೆಗೆ ಹಳೆಯ ವಾಹನಗಳ ಮೇಲಿನ ಯೂಲೆಜ್ ಶುಲ್ಕ ಎಂಬ ಒಂದೇ ವಿಷಯ ಹಿಡಿದು ಓಡಾಡಿದರು. 495 ಮತಗಳಿಂದ ಗೆದ್ದರು.

ನಾಮಪತ್ರದ ಕೆಲಸದಲ್ಲಿ ಅವಸರ ಸಲ್ಲದು. ಸೂಚಕ, ಅನುಮೋದಕ, ಇನ್ನೂ ಎಂಟು ಮಂದಿ, ಒಟ್ಟು ಹತ್ತು ಮತದಾರರ ಸಹಿ. ಎಲ್ಲರೂ ಅದೇ ಕ್ಷೇತ್ರದ ಪಟ್ಟಿಯಲ್ಲಿರಬೇಕು, ಕ್ರಮಸಂಖ್ಯೆ ತಾಳೆಯಾಗಬೇಕು. ಹತ್ತರಲ್ಲಿ ಒಬ್ಬರು ಬೇರೆಯವರ ನಾಮಪತ್ರಕ್ಕೂ ಸಹಿ ಹಾಕಿ, ಅದು ನಿಮ್ಮದಕ್ಕಿಂತ ಮೊದಲು ಸಲ್ಲಿಕೆಯಾಗಿದ್ದರೆ ನಿಮ್ಮದು ಬಿದ್ದುಹೋಗುತ್ತದೆ. ಆದ್ದರಿಂದ ಬೇರೆ ಹತ್ತು ಜನರ ಸಹಿಯ ಎರಡನೇ ಪ್ರತಿ ಸದಾ ಚೀಲದಲ್ಲಿರಲಿ. ಪಕ್ಷದ ಅಧಿಕಾರ ಪತ್ರ ನಮ್ಮಲ್ಲಿನ ಬಿ ಫಾರಂನಂಥದ್ದೇ. ಅದರಲ್ಲಿರುವ ಪಕ್ಷದ ಹೆಸರೋ ವಿವರಣೆಯೋ ನಾಮಪತ್ರದಲ್ಲಿ ಅಕ್ಷರಶಃ ಹಾಗೇ ಇರಬೇಕು. ಠೇವಣಿ 500 ಪೌಂಡ್. ನಗದು ಅಥವಾ ಬ್ಯಾಂಕ್ ಡ್ರಾಫ್ಟ್ ಒಯ್ದರೆ ತಕರಾರಿಲ್ಲ. ಚಲಾವಣೆಯಾದ ಮತದಲ್ಲಿ ಶೇ 5 ದಾಟದಿದ್ದರೆ ಅದು ಹೋಯಿತು. ನಾಮಪತ್ರ ಸಲ್ಲಿಸಬಹುದಾದವರು ಅಭ್ಯರ್ಥಿ, ಏಜೆಂಟ್, ಸೂಚಕ, ಅನುಮೋದಕ, ಈ ನಾಲ್ವರೇ. ಗಡುವು ಸಂಜೆ 4. ಚುನಾವಣಾಧಿಕಾರಿಯ ಕಚೇರಿ ಮುಂಚಿತವಾಗಿ ಕರಡು ನೋಡಿಕೊಡುತ್ತದೆ. ಒಂದೆರಡು ದಿನ ಮೊದಲೇ ತೋರಿಸಿ.

ಖರ್ಚಿನ ಮಿತಿ 2023ರ ನವೆಂಬರ್‌ವರೆಗೆ 1,00,000 ಪೌಂಡ್ ಇತ್ತು, ಈಗ 1,80,050. ಯಾವಾಗ ಕೊಂಡಿರಿ ಎಂಬುದಲ್ಲ, ಅಭ್ಯರ್ಥಿಯಾದ ಮೇಲೆ ಬಳಸಿದಿರೇ ಎಂಬುದೇ ಲೆಕ್ಕ. ಬೇಗ ಅಚ್ಚು ಹಾಕಿಸಿಟ್ಟ ಕರಪತ್ರವೂ ಇದರೊಳಗೇ ಬರುತ್ತದೆ.

ಈಗ ಗೆಲುವಿನ ಸಾಧ್ಯತೆ. ಪತ್ರಿಕೆಗಳು ಸ್ವಿಂಗ್, ಅಂದರೆ ಒಂದು ಪಕ್ಷದಿಂದ ಇನ್ನೊಂದಕ್ಕೆ ಮತ ಹೊರಳಿದ ಪ್ರಮಾಣ, ಹಿಡಿದು ಕೂರುತ್ತವೆ; ನಾವು ತಲೆ ಎಣಿಸುತ್ತೇವೆ. ವೆಲಿಂಗ್‌ಬರೋದಲ್ಲಿ ಸ್ವಿಂಗ್ ಶೇ 28.5. ಕೇಳಿದರೆ ಊರಿಗೆ ಊರೇ ಲೇಬರ್ ಕಡೆ ಹೊರಳಿತು ಅನ್ನಿಸುತ್ತದೆ. ಆದರೆ ಲೇಬರ್‌ಗೆ 2019ರಲ್ಲಿ ಬಿದ್ದದ್ದು 13,737 ಮತ, 2024ರಲ್ಲಿ ಗೆದ್ದಾಗ 13,844. ಕನ್ಸರ್ವೇಟಿವ್ ಮಾತ್ರ 32,277ರಿಂದ 7,408ಕ್ಕೆ ಇಳಿದಿತ್ತು. ಒಬ್ಬರ ಮತದಾರರು ಮನೆಯಲ್ಲೇ ಉಳಿದರು, ಒಂದಷ್ಟು ಮಂದಿ ರಿಫಾರ್ಮ್ ಪಕ್ಷಕ್ಕೆ ಹೋದರು. ಇನ್ನೊಬ್ಬರು ತಮ್ಮ ಹಳೆಯ ಮತದಾರರನ್ನು ಹೊರಡಿಸಿದರು.

ಈಗಿನ ಹೆಚ್ಚಿನ ಕ್ಷೇತ್ರಗಳಲ್ಲಿ ಮತದಾರರು 70,000ದಿಂದ 77,000. ಉಪಚುನಾವಣೆಯಲ್ಲಿ ಶೇ 40ರ ಆಸುಪಾಸು ಮತದಾನ, ಅಂದರೆ 30,000 ಮತ. ಗೆದ್ದವರ ಸಂಖ್ಯೆ ನೋಡಿ: ಮಿಡ್ ಬೆಡ್‌ಫರ್ಡ್‌ಶೈರ್ 13,872, ಅಕ್ಸ್‌ಬ್ರಿಜ್ 13,965, ವೆಲಿಂಗ್‌ಬರೋ 13,844, ರನ್‌ಕಾರ್ನ್ 12,645. ಮೂರು ನಾಲ್ಕು ಪಕ್ಷಗಳ ನಡುವೆ ಮತ ಹಂಚಿಹೋಗುವ ಕಡೆ 13-14 ಸಾವಿರ ನಮ್ಮ ಗುರಿ. ನೇರ ಹಣಾಹಣಿಯಾದರೆ ಇದು ಸಾಲದೆಯೂ ಹೋಗಬಹುದು: ಸೆಲ್ಬಿಯಲ್ಲಿ 16,456, ನಾರ್ತ್ ಶ್ರಾಪ್‌ಶೈರ್‌ನಲ್ಲಿ 17,957 ಬೇಕಾಯಿತು. ಈ ಗುರಿ ಇಟ್ಟುಕೊಂಡು ಮನೆ ಮನೆ ತಿರುಗಿ, ನಮಗೇ ಎಂದವರ ಹೆಸರನ್ನು ಪಟ್ಟಿಯಲ್ಲಿ ಗುರುತು ಹಾಕುತ್ತೇವೆ. ಹಿಂದಿನ ಚುನಾವಣೆಯ ಗುರುತು ಹಾಕಿದ ಮತದಾರರ ಪಟ್ಟಿ ಕೊಂಡುಕೊಳ್ಳಲು ಸಿಗುತ್ತದೆ. ಯಾರಿಗೆ ಹಾಕಿದರು ಎಂದಲ್ಲ, ಮತಗಟ್ಟೆಗೆ ಬಂದಿದ್ದರೇ ಎಂದು ಅದರಲ್ಲಿರುತ್ತದೆ. 'ನಿಮಗೇ' ಎಂದು ಬಾಯಲ್ಲಿ ಹೇಳಿ ಕಳೆದ ಸಲ ಮನೆಯಲ್ಲೇ ಇದ್ದವರನ್ನು ನಾನು ಅರ್ಧ ಮತ ಎಂದೇ ಎಣಿಸುತ್ತೇನೆ.

ಎರಡನೇ ಸ್ಥಾನದಲ್ಲಿದ್ದವರೇ ಸವಾಲು ಹಾಕುವವರು ಎಂದುಕೊಳ್ಳಬೇಡಿ. ನಾರ್ತ್ ಶ್ರಾಪ್‌ಶೈರ್‌ನಲ್ಲಿ 2019ರಲ್ಲಿ ಎರಡನೆಯವರು ಲೇಬರ್, ಶೇ 10ರೊಂದಿಗೆ ಮೂರನೆಯವರು ಲಿಬರಲ್ ಡೆಮಾಕ್ರಾಟರು. 2021ರಲ್ಲಿ ಗೆದ್ದವರು ಹೆಲೆನ್ ಮಾರ್ಗನ್, ಲಿಬರಲ್ ಡೆಮಾಕ್ರಾಟ್. ಹಿಂದಿನ ಸಲವೂ ನಿಂತಿದ್ದವರು. ಎದುರಿಗಿದ್ದ ಕನ್ಸರ್ವೇಟಿವ್ ಅಭ್ಯರ್ಥಿ ಬರ್ಮಿಂಗ್‌ಹ್ಯಾಮ್‌ನಿಂದ ಬಂದವರು.

ಅಂಚೆ ಮತ ಮತದಾನದ ದಿನಕ್ಕಿಂತ ವಾರಗಳ ಮೊದಲೇ ಮನೆ ಸೇರುತ್ತದೆ. ಕೊನೆಯ ವಾರಕ್ಕೆ ಇಟ್ಟುಕೊಂಡ ಮುಖ್ಯ ಕರಪತ್ರ ಅಂಚೆ ಮತದಾರರಿಗೆ ಸಮಯಕ್ಕೆ ತಲುಪುವುದೇ ಇಲ್ಲ. 2024ರ ಮೇ ತಿಂಗಳಿಂದ ಕಾರ್ಯಕರ್ತರು ಪರರ ಅಂಚೆ ಮತದ ಲಕೋಟೆ ಮುಟ್ಟುವಂತಿಲ್ಲ. ಸ್ವಯಂಸೇವಕರಿಗೆ ಇದನ್ನು ಮೊದಲ ದಿನವೇ ಹೇಳಿ.

ಕನ್ನಡಿಗರ ಮನೆಗಳಲ್ಲಿ ಮತ್ತೆ ಮತ್ತೆ ಕೇಳುವ ಮಾತು: "ಇಲ್ಲ ಸಾರ್, ನಮ್ಮದು ಇಂಡಿಯನ್ ಪಾಸ್‌ಪೋರ್ಟು, ನಮಗೆಲ್ಲಿ ವೋಟು?" ಇದೆ. ಕಾನೂನುಬದ್ಧವಾಗಿ ವಾಸವಿರುವ ಕಾಮನ್‌ವೆಲ್ತ್ ಪ್ರಜೆಗಳಿಗೆ, ಕೆಲಸದ ವೀಸಾದಲ್ಲಿರುವವರಿಗೂ, ಸಂಸತ್ ಚುನಾವಣೆಯಲ್ಲಿ ಮತವಿದೆ. ಮತದಾನಕ್ಕೆ 12 ಕೆಲಸದ ದಿನ ಮೊದಲು ಹೆಸರು ನೋಂದಾಯಿಸಿರಬೇಕು ಅಷ್ಟೆ. ಗುರುತಿಗೆ ಭಾರತದ ಪಾಸ್‌ಪೋರ್ಟ್ ಸಾಕು. ಅವಧಿ ಮುಗಿದಿದ್ದರೂ ಫೋಟೊ ಹೋಲಿದರೆ ಆಯಿತು. ಅಭ್ಯರ್ಥಿಯಾಗಲು ಮಾತ್ರ ಕಾಯಂ ವಾಸದ ಅನುಮತಿ ಬೇಕು.

2025ರ ಮೇ 1ರಂದು ರನ್‌ಕಾರ್ನ್ ಅಂಡ್ ಹೆಲ್ಸ್‌ಬಿಯಲ್ಲಿ ರಿಫಾರ್ಮ್‌ನ ಸಾರಾ ಪೋಚಿನ್ ಗೆದ್ದದ್ದು ಆರು ಮತದಿಂದ, ಮರು ಎಣಿಕೆಯ ನಂತರ. ಹಾಗಾಗಿ ಎಣಿಕೆಯ ಕೊಠಡಿಗೆ ದಣಿದ ಕಾರ್ಯಕರ್ತರನ್ನು ಕಳಿಸಬೇಡಿ. ಸಂಜೆ ನಿದ್ದೆ ಮಾಡಿ ಬಂದವರನ್ನು ಕಳಿಸಿ, ಸಂದೇಹದ ಮತಪತ್ರಗಳ ಮೇಜಿಗೆ ಅನುಭವಿಗಳನ್ನು ಕೂರಿಸಿ, ಕಟ್ಟುಗಳಲ್ಲಿ ಬೇರೆಯವರ ಮತ ಸೇರಿದೆಯೇ ಎಂದು ನೋಡಿಸಿ. ಫಲಿತಾಂಶ ಘೋಷಣೆಯಾದ ಮೇಲೆ ಏಜೆಂಟರಿಗೆ 35 ದಿನ. ಅಷ್ಟರೊಳಗೆ ಪ್ರತಿ ರಸೀದಿಯೊಂದಿಗೆ ಖರ್ಚಿನ ಲೆಕ್ಕ ಚುನಾವಣಾಧಿಕಾರಿಯ ಕೈ ಸೇರಬೇಕು.