"ಇದು ಬೇಡ ಮೇಷ್ಟ್ರೇ" ಅಂದ ಅಂಗಡಿ

ನನ್ನ ಮೊದಲ ಗಿಟಾರ್ ರಟ್ಟಿನ ಡಬ್ಬದಲ್ಲಿ ಬಂತು. ಫೋನಿನಲ್ಲಿ ನೋಡಿ ತರಿಸಿದ್ದು. ಕಪ್ಪು ಬಣ್ಣ, ಫಳಫಳ ಹೊಳೀತಿತ್ತು. ಬ್ಯಾಗು, ಬೆಲ್ಟು, ಒಂದು ಸೆಟ್ ತಂತಿ, ನಾಲ್ಕು ಪಿಕ್ಕು ಎಲ್ಲಾ ಫ್ರೀ. ನನಗಾಗ 38 ವರ್ಷ. ಮಂಡ್ಯದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ರಾಜ್ಯೋತ್ಸವಕ್ಕೆ ಮಕ್ಕಳು ಭಾವಗೀತೆ ಹಾಡುವಾಗ ಪಕ್ಕದಲ್ಲಿ ಕೂತು ನಾಲ್ಕು ಕಾರ್ಡ್, ಅಂದರೆ ಒಟ್ಟಿಗೆ ಮೀಟೋ ಸ್ವರಗಳ ಗೊಂಚಲು, ನುಡಿಸಬೇಕು ಅನ್ನೋದಷ್ಟೇ ಆಸೆ.

ಎರಡು ತಿಂಗಳು ಒದ್ದಾಡಿದೆ. ಎಫ್ ಕಾರ್ಡ್ ಬಿಡಿ, ಸಿ ಕೂಡ ನೆಟ್ಟಗೆ ಕೇಳಿಸಲಿಲ್ಲ. ಎಡಗೈ ಬೆರಳ ತುದಿಗೆಲ್ಲ ಬೊಬ್ಬೆ. ಊಟ ಮಾಡೋದು ಬಲಗೈಲಿ ಆದದ್ದು ಪುಣ್ಯ. "ವಯಸ್ಸಾದ ಮೇಲೆ ಬೆರಳು ಬಗ್ಗಲ್ಲ ಕಣ್ರೀ" ಅಂದಳು ನನ್ನ ಹೆಂಡತಿ. ನಾನೂ ನಂಬಿದೆ. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ, ಗಿಟಾರ್ ಮಾರಿಬಿಡೋಣ ಅಂತ ಮೈಸೂರಿನ ರೈಲು ಹತ್ತಿದೆ. ಎದುರಿಗೆ ಕೂತಿದ್ದ ಅಜ್ಜಿ "ವೀಣೆನಾ ಮಗ?" ಅಂದರು. ಹೂಂ ಅಂದುಬಿಟ್ಟೆ.

ಶಿವರಾಂಪೇಟೆ ಕಡೆಯ ಒಂದು ಸಣ್ಣ ಅಂಗಡಿ. ಹೆಸರು ಬರೆದರೆ ಅವರಿಗೆ ಮುಜುಗರ, ಬೇಡ ಬಿಡಿ. ಒಳಗೆ ಕಾಲಿಡೋಕೂ ಜಾಗ ಇಲ್ಲ. ಹಾರ್ಮೋನಿಯಂ, ಚರ್ಮ ಬದಲಿಸೋಕೆ ಬಂದ ತಬಲಾ, ಯಾವುದೋ ಶಾಲೆಯ ಬ್ಯಾಂಡಿನ ಡ್ರಮ್ಮು. ಗೋಡೆಯ ಮೇಲೆ ಆರೇಳು ಗಿಟಾರ್. ಯಜಮಾನರಿಗೆ ಅರವತ್ತರ ಹತ್ತಿರ ಇರಬಹುದು, ಕನ್ನಡಕ ಹಣೆ ಮೇಲೆ.

ಎಷ್ಟಕ್ಕೆ ಕೊಡ್ತೀರಿ ಅಂತ ಅವರು ಕೇಳಲೇ ಇಲ್ಲ. ಗಿಟಾರ್ ತಗೊಂಡು ಶ್ರುತಿ ಮಾಡಿದರು. ಒಂದು ಕಾರ್ಡ್ ಹಿಡಿದು ಮುಖ ಕಿವುಚಿದರು. ಆಮೇಲೆ ಕತ್ತಿನ ಮೇಲೆ ಅಡ್ಡಡ್ಡಕ್ಕೆ ಕೂರಿಸಿರೋ ಲೋಹದ ಪಟ್ಟಿಗಳಲ್ಲಿ, ಅಂದರೆ ಫ್ರೆಟ್ಟುಗಳಲ್ಲಿ, ಹನ್ನೆರಡನೆಯದರ ಮೇಲೆ ಉಕ್ಕಿನ ಸ್ಕೇಲ್ ನಿಲ್ಲಿಸಿ, ದಪ್ಪ ತಂತಿಯ ತಳ ಎಲ್ಲಿ ಬರುತ್ತೆ ಅಂತ ಬಗ್ಗಿ ನೋಡಿದರು.

"ನಾಲ್ಕೂವರೆ ಮಿಲಿಮೀಟರ್. ಇದರಲ್ಲಿ ನಾನೂ ನುಡಿಸೋಕಾಗಲ್ಲ ಮೇಷ್ಟ್ರೇ."

ತಂತಿಗೂ ಫ್ರೆಟ್ಟಿಗೂ ನಡುವಿನ ಈ ಎತ್ತರಕ್ಕೆ ಆಕ್ಷನ್ ಅಂತಾರೆ. ಸ್ಟೀಲ್ ತಂತಿಯ ಗಿಟಾರಿನಲ್ಲಿ ಹನ್ನೆರಡನೇ ಫ್ರೆಟ್ ಹತ್ತಿರ ದಪ್ಪ ತಂತಿಗೆ ಎರಡೂವರೆ, ಸಣ್ಣ ತಂತಿಗೆ ಎರಡು ಮಿಲಿಮೀಟರ್ ಇದ್ದರೆ ಬೆರಳಿಗೆ ಹಿತ. ನನ್ನದು ಹತ್ತಿರ ಹತ್ತಿರ ಎರಡು ಪಟ್ಟು. ಎರಡು ತಿಂಗಳು ನಾನು ಗಿಟಾರ್ ಕಲಿತಿರಲಿಲ್ಲ, ತಂತಿ ಜೊತೆ ಕುಸ್ತಿ ಮಾಡಿದ್ದೆ.

ಅವರು ತಂತಿ ಸಡಿಲಿಸಿ, ಕೆಳಗಿನ ಬಿಳಿ ಪಟ್ಟಿಯನ್ನು, ಅಂದರೆ ಸ್ಯಾಡಲ್ ಅನ್ನು, ಹೊರಗೆ ಎಳೆದರು. ಪೆನ್ಸಿಲ್‌ನಲ್ಲಿ ಗೆರೆ ಹಾಕಿದರು. ಗಾಜಿನ ಮೇಲೆ ಅಂಟಿಸಿದ್ದ ಉಪ್ಪುಕಾಗದಕ್ಕೆ ಅದರ ತಳ ಉಜ್ಜತೊಡಗಿದರು. ಹತ್ತು ಸಲ ಉಜ್ಜೋದು, ಬೆಳಕಿಗೆ ಹಿಡಿದು ನೋಡೋದು, ಮತ್ತೆ ಉಜ್ಜೋದು. "ಮೇಲೆ ಒಂದು ಇಳೀಬೇಕಾದರೆ ಇಲ್ಲಿ ಎರಡು ತೇಯಬೇಕು" ಅಂದರು. ನನಗೆ ಮೈ ಜುಂ ಅಂತು. ಸಮರೂಪ ತ್ರಿಭುಜ! ಹನ್ನೆರಡನೇ ಫ್ರೆಟ್ ತಂತಿಯ ಸರಿಯಾದ ಅರ್ಧ, ಅದಕ್ಕೇ ಎರಡರಷ್ಟು. ಹತ್ತನೇ ಕ್ಲಾಸಿಗೆ ಈಗಲೂ ಈ ಉದಾಹರಣೆ ಕೊಡುತ್ತೇನೆ. ಮೂರು ಮಿಲಿಮೀಟರ್ ತೇಯ್ದು ನಿಲ್ಲಿಸಿದರು. "ಇನ್ನು ಇಳಿಸೋಕೆ ಇದರಲ್ಲಿ ಜಾಗ ಇಲ್ಲ. ಕತ್ತು ಕೂಡಿಸಿರೋದೇ ಓರೆ. ಕಲಿಯೋಕೆ ಸಾಕು, ಮಾರಬೇಡಿ." ಇನ್ನೂರು ರೂಪಾಯಿ ತಗೊಂಡರು. ಅವತ್ತು ರಾತ್ರಿ ಸಿ ಕಾರ್ಡಿಗೆ ಮೀಟೋ ಐದೂ ತಂತಿ ಕೇಳಿಸಿದವು.

ವರ್ಷದ ಮೇಲೆ ಒಳ್ಳೆಯದೊಂದು ಬೇಕು ಅನ್ನಿಸಿತು. ಅದೇ ಅಂಗಡಿಗೆ ಹೋಗಿ, ಗೋಡೆ ಮೇಲಿನ ದೊಡ್ಡ ಗಿಟಾರಿಗೆ ಕೈ ತೋರಿಸಿದೆ. ಆಂಪ್ಲಿಫೈಯರ್‌ಗೆ ಜೋಡಿಸೋ ಪಿಕಪ್ಪು, ಅದರೊಳಗೇ ಟ್ಯೂನರ್ರು, ಎಲ್ಲಾ ಇತ್ತು.

"ಇದು ಬೇಡ ಮೇಷ್ಟ್ರೇ" ಅಂದರು. "ನೀವು ನುಡಿಸೋದು ಕ್ಲಾಸ್‌ರೂಮಲ್ಲಿ. ಇದರ ಅರ್ಧ ದುಡ್ಡು ಆ ಮಿಷಿನ್ನಿಗೇ ಹೋಗುತ್ತೆ, ಮರಕ್ಕಲ್ಲ."

ದುಬಾರಿ ಮಾಲು ಬೇಡ ಅನ್ನೋ ವ್ಯಾಪಾರಿನ ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ಅವರು ಇಳಿಸಿಕೊಟ್ಟದ್ದು ಯಮಹಾ ಎಫ್310. ಪೂರ್ತಿ ಪ್ಲೈ ಮರದ ಸಾಧಾರಣ ಗಿಟಾರ್. ಆದರೆ ನಟ್ಟಿನಿಂದ, ಅಂದರೆ ತಲೆ ಕಡೆ ತಂತಿ ಕೂರೋ ಪಟ್ಟಿಯಿಂದ, ಸ್ಯಾಡಲ್‌ವರೆಗೆ 634 ಮಿಲಿಮೀಟರ್. ಎಷ್ಟೋ ಗಿಟಾರುಗಳಲ್ಲಿ ಇದು 650ರ ಆಸುಪಾಸು ಇರುತ್ತೆ. ಅಳತೆ ಕಮ್ಮಿ ಆದಷ್ಟೂ ಫ್ರೆಟ್ಟುಗಳು ಹತ್ತಿರ ಹತ್ತಿರ ಬರುತ್ತವೆ, ತಂತಿ ಬಿಗಿತವೂ ತುಸು ಕಮ್ಮಿ. ನನ್ನ ಗಿಡ್ಡ ಬೆರಳು ನೋಡೇ ಅದನ್ನು ಆರಿಸಿದ್ದರು.

ಆನ್‌ಲೈನ್‌ಗಿಂತ ಏಳುನೂರು ಜಾಸ್ತಿ ಆಯ್ತು. ದುಡ್ಡು ಕೊಟ್ಟು ಕೈ ಚಾಚಿದರೆ, "ಮುಂದಿನ ಶನಿವಾರ ಬನ್ನಿ. ಡಬ್ಬದಿಂದ ತೆಗೆದಿದ್ದನ್ನ ಹಾಗೇ ಕೊಡಲ್ಲ" ಅಂದರು. ಕಾಸು ಕೊಟ್ಟು ಬರಿಗೈಲಿ ಮಂಡ್ಯಕ್ಕೆ ಬಂದೆ. ಮನೆಯಲ್ಲಿ ಆ ವಾರ ಕೇಳಿದ ಮಾತು ಇಲ್ಲಿ ಬೇಡ.

ಶನಿವಾರ ಹೋದಾಗ ಗಿಟಾರನ್ನು ನನ್ನ ಕೈಗಿಟ್ಟು, ನೀವೇ ನೋಡಿ ಅಂದರು. ಅಂಗಡಿಯಲ್ಲಿ ಗಿಟಾರ್ ನೋಡೋದು ಕಲಿತದ್ದು ಆವತ್ತೇ. ತಲೆ ಕಡೆಯಿಂದ ಒಂದು ಕಣ್ಣು ಮುಚ್ಚಿ ಕತ್ತಿನ ಉದ್ದಕ್ಕೂ ನೋಡಬೇಕು, ಬಡಗಿ ರೀಪು ನೋಡ್ತಾನಲ್ಲ ಹಾಗೆ. ನಡುವೆ ಕೂದಲೆಳೆಯಷ್ಟು ಬಳುಕಿರಬಹುದು, ತಿರುಚಿರಬಾರದು. ಬಳುಕು ಜಾಸ್ತಿಯಾದರೆ ಕತ್ತಿನೊಳಗಿನ ಲೋಹದ ಸಲಾಕೆ, ಅಂದರೆ ಟ್ರಸ್ ರಾಡ್, ತಿರುಗಿಸಿ ಸರಿಮಾಡಬಹುದು, ತಿರುಚಿದ್ದಕ್ಕೆ ಮದ್ದಿಲ್ಲ. ಆಮೇಲೆ ಆರೂ ತಂತಿಗಳಲ್ಲಿ ಒಂದೊಂದೇ ಫ್ರೆಟ್ ಒತ್ತಿ ನುಡಿಸುತ್ತಾ ಹೋಗಬೇಕು. ಬೇಜಾರಿನ ಕೆಲಸ. ಆದರೆ ಎಲ್ಲೋ ಒಂದು ಕಡೆ ಜೀರ್ ಅಂದರೆ ಅಲ್ಲೇ ಗೊತ್ತಾಗುತ್ತೆ. ಕೊನೆಗೆ ಹನ್ನೆರಡನೇ ಫ್ರೆಟ್ ಮೇಲೆ ತಂತಿ ಒತ್ತದೆ ಸುಮ್ನೆ ಮುಟ್ಟಿ ಮೀಟಿ, ಗಂಟೆ ಥರ ಸ್ವರ ಬರುತ್ತೆ. ಅಲ್ಲೇ ಒತ್ತಿ ಇನ್ನೊಂದು ಸಲ ಮೀಟಿ. ಎರಡೂ ಒಂದೇ ಸ್ವರ ಆಗಿರಬೇಕು. ನನ್ನ ಕಪ್ಪು ಗಿಟಾರಿನಲ್ಲಿ ಒತ್ತಿದಾಗ ಸ್ವರ ಮೇಲಕ್ಕೆ ಹೋಗುತ್ತಿತ್ತು. ಶ್ರುತಿ ಮಾಡಿದರೂ ಅದು ಯಾಕೆ ಅಪಸ್ವರ ಅನ್ನೋದು ಆಗ ತಿಳೀತು.

ಅವರೂ ತಪ್ಪದವರೇನಲ್ಲ. ಆ ಎಫ್310ರ ನಟ್ಟಿನಲ್ಲಿ ಮೊದಲ ತಂತಿ ಕೂರೋ ಕಚ್ಚನ್ನು ಸ್ವಲ್ಪ ಆಳ ತೋಡಿಬಿಟ್ಟಿದ್ದರು. ಬಿಟ್ಟ ತಂತಿ ಮೀಟಿದರೆ ಜೀರ್. ಫೋನ್ ಮಾಡಿದೆ. "ಓ, ಅರ ಒಂದು ಎಳೆತ ಜಾಸ್ತಿ ಆಯ್ತು, ತಗೊಂಡ್ಬನ್ನಿ" ಅಂದು ಹೊಸ ನಟ್ ಹಾಕಿ ಕೊಟ್ಟರು. ದುಡ್ಡು ಮುಟ್ಟಲಿಲ್ಲ, ರೈಲು ಚಾರ್ಜೂ ಕೊಡಲಿಲ್ಲ ಅನ್ನಿ.

ಮೂರನೆಯದು ಐದು ವರ್ಷ ಬಿಟ್ಟು. ಮುಂದಿನ ಹಲಗೆ ಪ್ಲೈ ಅಲ್ಲದ, ಇಡೀ ಸ್ಪ್ರೂಸ್ ಮರದ್ದು ಬೇಕಿತ್ತು. ಅದನ್ನು ಗುರುತಿಸೋದು ಸುಲಭ: ನಡುವಿನ ತೂತಿನ ಅಂಚು ನೋಡಿ. ಮೇಲಿನ ಗೆರೆಗಳೇ ಅಂಚಿನಲ್ಲೂ ನೇರ ಇಳಿದಿದ್ದರೆ ಇಡೀ ಮರ, ಪದರ ಪದರ ಕಂಡರೆ ಪ್ಲೈ. ಹಿಂಬದಿ ಬೀಟೆ. ನಮ್ಮ ಮಲೆನಾಡಿನಲ್ಲೂ ಬೆಳೆಯೋ, ಮೈಸೂರಿನ ಕುಸುರಿ ಕೆಲಸಕ್ಕೆ ಹಾಕೋ ಅದೇ ಬೀಟೆ. ಪ್ರಪಂಚದ ಹೆಸರಾಂತ ಗಿಟಾರುಗಳ ಬೆನ್ನಿಗೂ ಇದನ್ನೇ ಹಾಕ್ತಾರೆ. 2017ರಲ್ಲಿ ಬೀಟೆಯ ಇಡೀ ಕುಲದ ಮೇಲೆ ಅಂತಾರಾಷ್ಟ್ರೀಯ ನಿರ್ಬಂಧ ಬಂದು ಗಿಟಾರ್ ಮಾಡೋರು ಒದ್ದಾಡಿದ್ದರು, ತಯಾರಾದ ವಾದ್ಯಗಳ ಮಟ್ಟಿಗೆ ಅದು 2019ರಲ್ಲಿ ಸಡಿಲವಾಯ್ತು.

ಇಂಥ ಗಿಟಾರ್ ಮಗು ಇದ್ದ ಹಾಗೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಣ ಗಾಳಿಗೆ ಮರ ಕುಗ್ಗುತ್ತೆ. ಫ್ರೆಟ್ಟಿನ ಲೋಹ ಕುಗ್ಗಲ್ಲ, ಅದರ ತುದಿ ಹೊರಗೆ ಚಾಚಿ ಕೈ ಗೀರುತ್ತೆ. ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜು ಹಿಂಡಿ ಇಟ್ಟು, ಕೇಸಿನೊಳಗೆ ಹಾಕಿ ಮುಚ್ಚಿಡುತ್ತೇನೆ. ಇದೂ ಅವರು ಹೇಳಿಕೊಟ್ಟದ್ದೇ.

ಹೋದ ತಿಂಗಳು ನಮ್ಮ ಶಾಲೆಯ ಹುಡುಗನೊಬ್ಬನ ಅಪ್ಪನನ್ನು ಅಲ್ಲಿಗೆ ಕರಕೊಂಡು ಹೋಗಿದ್ದೆ. ಕಬ್ಬಿನ ದುಡ್ಡು ಬಂದಿತ್ತು. ಅವರೂ ದೊಡ್ಡದಕ್ಕೇ ಕೈ ತೋರಿಸಿದರು. "ಅದು ಬೇಡ ಗೌಡ್ರೇ" ಅಂತ ಯಜಮಾನರು ಸಣ್ಣದೊಂದನ್ನು ಇಳಿಸಿದರು. ದುಡ್ಡು ಎಣಿಸಿ ಕೊಟ್ಟಾಯ್ತು. "ಮುಂದಿನ ಶನಿವಾರ ಬನ್ನಿ" ಅಂದರು. ಗೌಡರು ನನ್ನ ಮುಖ ನೋಡಿದರು.

"ನಡೀರಿ" ಅಂದೆ, "ಐದೂವರೆ ರೈಲು ಸಿಗುತ್ತೆ."