ಜಾಫ್ನಾಕ್ಕೆ ಮೊದಲ ಸಲ ಹೊರಟಿದ್ದೀರಾ? ದೋಣಿಯಿಂದ ಲೆಕ್ಕ ಶುರು ಮಾಡಿ

ಶ್ರೀಲಂಕಾ ಟೂರ್ ಅಂತ ಯಾವುದೇ ಏಜೆಂಟನ್ನು ಕೇಳಿ ನೋಡಿ. ಕೊಲಂಬೊ, ಕ್ಯಾಂಡಿ, ನುವಾರ ಎಲಿಯ, ಬೆಂಟೋಟ ಅಂತ ಪಟ್ಟಿ ಕೈಗಿಡುತ್ತಾರೆ. ಜಾಫ್ನಾ ಇಲ್ವಾ ಎಂದರೆ, ‘ಬೇಕಾದ್ರೆ ಒಂದು ದಿನ ಸೇರಿಸೋಣ ಸಾರ್’ ಎನ್ನುತ್ತಾರೆ. ಆ ಒಂದು ದಿನಕ್ಕೆ ಒಪ್ಪಿಕೊಳ್ಳಬೇಡಿ. ಕೊಲಂಬೊದಿಂದ ಸುಮಾರು 400 ಕಿಲೋಮೀಟರ್ ಬಂದು, ಕೋಟೆ ಮುಂದೆ ಫೋಟೊ ತೆಗೆಸಿಕೊಂಡು, ನಲ್ಲೂರಿನ ಗುಡಿಯಲ್ಲಿ ಕೈ ಮುಗಿದು ವಾಪಸ್ ಬಸ್ಸು ಹತ್ತಿದರೆ ಬರೀ ಸುಸ್ತೊಂದೇ ಲಾಭ.

ಜಾಫ್ನಾ ಲಂಕೆಯ ಉತ್ತರ ತುದಿಯ ಪರ್ಯಾಯ ದ್ವೀಪ. ಅಲ್ಲಿನವರಿಗೆ ಅದು ಯಾಳ್ಪಾಣಂ. ಎಲಿಫೆಂಟ್ ಪಾಸ್ ಹತ್ತಿರದ ಸಪೂರ ನೆಲ ಅದನ್ನು ಉಳಿದ ಲಂಕೆಗೆ ಸೇರಿಸುತ್ತದೆ. ಅಡಿಯೆಲ್ಲ ಸುಣ್ಣಕಲ್ಲು, ಬಹಳ ಕಡೆ ಮೇಲೆ ಕೆಂಪು ಮಣ್ಣು. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಬಾವಿ ನೀರಿನಲ್ಲೇ ಈರುಳ್ಳಿ, ಮೆಣಸಿನಕಾಯಿ, ಹೊಗೆಸೊಪ್ಪು ಬೆಳೆಯುತ್ತಾರೆ. ಎಲ್ಲಿ ನೋಡಿದರೂ ತಾಳೆ ಮರ. ಪಶ್ಚಿಮಕ್ಕೆ ಸಮುದ್ರದಲ್ಲಿ ಚದುರಿದ ದ್ವೀಪಗಳಿವೆ. ಕೆಲವಕ್ಕೆ ನೀರಿನ ನಡುವೆಯೇ ರಸ್ತೆ ಹಾಕಿದ್ದಾರೆ, ಕೆಲವಕ್ಕೆ ದೋಣಿಯೇ ಗತಿ.

ಪ್ಲಾನ್ ಮಾಡುವವರು ನೆನಪಿಡಬೇಕಾದದ್ದು ಇದನ್ನೇ. ಹೋಟೆಲ್ ಬದಲಿಸಬಹುದು, ಆಟೊದವನಿಗೆ ಅರ್ಧ ಗಂಟೆ ಕಾಯಲು ಹೇಳಬಹುದು. ದೋಣಿ ಕಾಯುವುದಿಲ್ಲ. ಹಾಗಾಗಿ ಮೊದಲು ದೋಣಿಯ ದಿನ ಗುರುತು ಹಾಕಿಕೊಳ್ಳಿ, ಮಿಕ್ಕಿದ್ದನ್ನು ಅದರ ಸುತ್ತ ಹೊಂದಿಸಿ.

ಹೆಜ್ಜೆ 1: ತಿಂಗಳು ಆರಿಸಿ

ನಮ್ಮ ಮಳೆಗಾಲದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಜಾಫ್ನಾಕ್ಕೆ ಮಳೆ ತರುವುದು ಈಶಾನ್ಯ ಮಾರುತ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಜೋರು. ಚಂಡಮಾರುತಗಳೂ ಇದೇ ಹೊತ್ತಿಗೆ ಏಳುತ್ತವೆ. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಇಡೀ ಶ್ರೀಲಂಕಾವನ್ನೇ ನಡುಗಿಸಿತ್ತು. ದಸರಾ, ದೀಪಾವಳಿ ರಜೆಗೆ ಜಾಫ್ನಾ ಎಂದುಕೊಂಡಿದ್ದರೆ ಬಿಟ್ಟುಬಿಡಿ.

ಮೊದಲ ಭೇಟಿಗೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ಏಪ್ರಿಲ್, ಮೇನಲ್ಲಿ ಸೆಕೆ ಜಾಸ್ತಿ. ಜೂನ್ ಹೊತ್ತಿಗೆ ಮಾವಿನಹಣ್ಣು ಸಿಗುತ್ತದೆ. ಕರುತ್ತಕೊಳುಂಬಾನ್ ಅಂತ ಅಲ್ಲಿನ ಹೆಸರಾಂತ ತಳಿ, ಬಿಡಬೇಡಿ. ಆದರೆ ಆಗ ನೈರುತ್ಯದ ಗಾಳಿ ಬೀಸುವುದರಿಂದ ದೋಣಿ ಚೆನ್ನಾಗಿಯೇ ಕುಲುಕುತ್ತದೆ.

ಜುಲೈ ಕೊನೆಯಿಂದ ಸೆಪ್ಟೆಂಬರ್ ನಡುವೆ ನಲ್ಲೂರು ಕಂದಸ್ವಾಮಿಯ, ಅಂದರೆ ನಮ್ಮ ಸುಬ್ರಹ್ಮಣ್ಯನ ಉತ್ಸವ ಬರುತ್ತದೆ. 25 ದಿನ ನಡೆಯುತ್ತದೆ, 24ನೇ ದಿನ ತೇರು. ಕೆನಡಾ, ಇಂಗ್ಲೆಂಡಿನಲ್ಲಿ ನೆಲೆಸಿದ ಯಾಳ್ಪಾಣದವರೆಲ್ಲ ಊರಿಗೆ ಬರುವ ಕಾಲ. ಜಾತ್ರೆ ಇಷ್ಟಪಡುವವರು ಆಗಲೇ ಹೋಗಿ, ಆದರೆ ರೂಮು ತಿಂಗಳುಗಟ್ಟಲೆ ಮೊದಲೇ ಹಿಡಿದಿಡಬೇಕು.

ಹೆಜ್ಜೆ 2: ನಾಲ್ಕು ರಾತ್ರಿ ಇಟ್ಟುಕೊಳ್ಳಿ

ಊರಿಗೆ ಒಂದು ದಿನ, ದ್ವೀಪಕ್ಕೆ ಒಂದು ದಿನ, ಉತ್ತರ ಕರಾವಳಿಗೆ ಒಂದು ದಿನ. ಜೊತೆಗೆ ಯಾವ ಕೆಲಸವೂ ಇಲ್ಲದ ಒಂದು ದಿನ. ಸಮುದ್ರ ಕೆಟ್ಟು ದೋಣಿ ನಿಂತರೆ ಆ ಖಾಲಿ ದಿನ ಕೈ ಹಿಡಿಯುತ್ತದೆ. ದ್ವೀಪಕ್ಕೆ ಹೋಗುವುದನ್ನು ಮಾತ್ರ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ಇನ್ನೂ ಒಂದು ಕ್ಯಾಲೆಂಡರ್ ನೋಡಿಕೊಳ್ಳಬೇಕು. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಗೂ ರಜೆ, ಅದಕ್ಕೆ ಪೋಯ ಎನ್ನುತ್ತಾರೆ. ಆ ದಿನ ಮದ್ಯ ಮಾರುವುದಿಲ್ಲ. ನೈನಾತೀವು ಎಂಬ ದ್ವೀಪದ ಬೌದ್ಧ ವಿಹಾರಕ್ಕೆ ದಕ್ಷಿಣದಿಂದ ಬಸ್ಸುಗಟ್ಟಲೆ ಜನ ಬರುತ್ತಾರೆ. ಹುಣ್ಣಿಮೆ ದಿನ ದೋಣಿ ಹತ್ತಲು ನಿಂತರೆ ಸಾಲು ಕರಗುವುದೇ ಇಲ್ಲ.

ಹೆಜ್ಜೆ 3: ದಾರಿ ಯಾವುದು?

ಬೆಂಗಳೂರಿನವರಿಗೆ ಸುಲಭದ ದಾರಿ ಚೆನ್ನೈ ಮೇಲೆ. ಜಾಫ್ನಾ ಹತ್ತಿರದ ಪಲಾಲಿ ವಿಮಾನ ನಿಲ್ದಾಣ 2019ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ನಿಲ್ದಾಣವಾಯಿತು. ಇಂಡಿಗೊ 2024ರ ಸೆಪ್ಟೆಂಬರ್‌ನಿಂದ ಚೆನ್ನೈ–ಜಾಫ್ನಾ ಹಾರಾಟ ಶುರು ಮಾಡಿದೆ. ಚಿಕ್ಕ ವಿಮಾನ, ಒಂದೂಕಾಲು ಗಂಟೆಯ ಆಸುಪಾಸು. ಮೊದಲ ಸಲ ಹೋಗುವವರಿಗೆ ನನ್ನ ಓಟು ಇದಕ್ಕೇ. ಚೆನ್ನೈಯಲ್ಲಿ ವಿಮಾನ ಬದಲಿಸಲು ಧಾರಾಳ ಸಮಯ ಇಟ್ಟುಕೊಳ್ಳಿ ಅಷ್ಟೆ.

ನಾಗಪಟ್ಟಣಂನಿಂದ ಜಾಫ್ನಾ ಉತ್ತರ ಕರಾವಳಿಯ ಕಾಂಗೇಸನ್‌ತುರೈಗೆ ಹಡಗೂ ಇದೆ, 2023ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ನಾಲ್ಕು ಗಂಟೆಯ ದಾರಿ. ಕೇಳಲು ಬಲು ಚಂದ. ಆದರೆ ಹವಾಮಾನ ಕೆಟ್ಟರೆ ನಿಲ್ಲುತ್ತದೆ, ಸಮಯವೂ ಬದಲಾಗುತ್ತಿರುತ್ತದೆ. ಹಿಂದಿರುಗಿ ಆಫೀಸಿಗೆ ಹಾಜರಾಗಬೇಕಾದವರು ಇದನ್ನೊಂದೇ ನಂಬಿ ಹೋಗಬೇಡಿ.

ಕೊಲಂಬೊ ಕಡೆಯಿಂದ ಬರುವವರಿಗೆ ಕೊಲಂಬೊ ಫೋರ್ಟ್ ನಿಲ್ದಾಣದಿಂದ ಯಾಳ್ ದೇವಿ ರೈಲು. ಯುದ್ಧದಿಂದಾಗಿ 1990ರಲ್ಲಿ ನಿಂತಿದ್ದ ಜಾಫ್ನಾ ರೈಲು ಮತ್ತೆ ಊರು ಮುಟ್ಟಿದ್ದು 2014ರಲ್ಲಿ. ಹಳಿ ದುರಸ್ತಿಗೆ ಅಂತ ಆಗಾಗ ನಿಲ್ಲಿಸುತ್ತಾರೆ, ಟಿಕೆಟ್ ಕೊಳ್ಳುವ ಮೊದಲು ಓಡುತ್ತಿದೆಯೇ ವಿಚಾರಿಸಿ. ರಾತ್ರಿ ಬಸ್ಸುಗಳೂ ಬೇಕಾದಷ್ಟಿವೆ.

ಹೆಜ್ಜೆ 4: ವೀಸಾ, ದುಡ್ಡು, ಫೋನು

ಪಾಸ್‌ಪೋರ್ಟಿಗೆ ಆರು ತಿಂಗಳಾದರೂ ಅವಧಿ ಉಳಿದಿರಲಿ. ಇಟಿಎ ಎಂಬ ಪ್ರವೇಶ ಅನುಮತಿಯನ್ನು ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿ. ಶ್ರೀಲಂಕಾ ಸರ್ಕಾರದ ಜಾಲತಾಣದಲ್ಲೇ ಮಾಡಿ. ಅದೇ ತರಹ ಕಾಣುವ ಖಾಸಗಿ ತಾಣಗಳು ಸುಮ್ನೆ ಹೆಚ್ಚು ದುಡ್ಡು ಕೀಳುತ್ತವೆ. ಭಾರತೀಯರ ಶುಲ್ಕದ ನಿಯಮ ಪದೇ ಪದೇ ಬದಲಾಗಿದೆ, ಹೋದ ವರ್ಷ ಹೋಗಿ ಬಂದ ಗೆಳೆಯರ ಮಾತು ನೆಚ್ಚಬೇಡಿ.

ಯುಪಿಐ 2024ರ ಫೆಬ್ರವರಿಯಿಂದ ಶ್ರೀಲಂಕಾದಲ್ಲೂ ಬಂದಿದೆ. ಹಾಗಂತ ದ್ವೀಪದ ಎಳನೀರಿನವನ ಹತ್ತಿರ ಸ್ಕ್ಯಾನ್ ಮಾಡಲು ಹೋಗಬೇಡಿ. ಜಾಫ್ನಾ ಪೇಟೆಯ ಎಟಿಎಂನಲ್ಲಿ ಲಂಕಾ ರೂಪಾಯಿ ತೆಗೆದು ಚಿಲ್ಲರೆ ಮಾಡಿಸಿಟ್ಟುಕೊಳ್ಳಿ. ಸಿಮ್‌ಗೆ ಡಯಲಾಗ್ ಅಥವಾ ಮೊಬಿಟೆಲ್. ಗಡಿಯಾರ ತಿರುಗಿಸುವ ಕೆಲಸ ಇಲ್ಲ, ಅಲ್ಲೂ ಇಲ್ಲೂ ಒಂದೇ ಸಮಯ.

ಹೆಜ್ಜೆ 5: ದೋಣಿಯ ದಿನ

ನೈನಾತೀವು, ನೆಡುಂತೀವು, ಈ ಎರಡು ದ್ವೀಪಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಒಂದೇ ದಿನ ಎರಡನ್ನೂ ಮುಗಿಸುತ್ತೇವೆ ಎನ್ನುವವರು ಇದ್ದಾರೆ. ಅವರಿಗೆ ಎರಡೂ ಸಿಗುವುದಿಲ್ಲ.

ಎರಡಕ್ಕೂ ದೋಣಿ ಹೊರಡುವುದು ಕುರಿಕಟ್ಟುವಾನ್ ಜೆಟ್ಟಿಯಿಂದ. ಬಸ್ಸಿನ ಬೋರ್ಡಿನಲ್ಲಿ ಕೆಕೆಡಿ ಅಂತ ಇರುತ್ತದೆ. ಜಾಫ್ನಾದಿಂದ ಹೋಗುವ ಈ ದಾರಿಯೇ ಅರ್ಧ ಪ್ರವಾಸ. ಊರಂಚಿನ ಪಣ್ಣೈ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಆಳವಿಲ್ಲದ ನೀರು. ಮೀನು ಹಿಡಿಯಲು ನೆಟ್ಟ ಕಡ್ಡಿಗಳ ಬೇಲಿ, ಸೊಂಟಮಟ್ಟ ನೀರಿನಲ್ಲಿ ನಡೆದು ಹೋಗುವ ಬೆಸ್ತರು. ಬಸ್ಸಿನಲ್ಲಿ ಒಂದು ಗಂಟೆಗೂ ಮೇಲೆ ಬೇಕು, ಬೆಳಕು ಹರಿಯುವ ಹೊತ್ತಿಗೇ ಹೊರಡಿ.

ಸುಲಭದ್ದು ನೈನಾತೀವು. ದೋಣಿಯಲ್ಲಿ ಕಾಲು ಗಂಟೆ, ಇಪ್ಪತ್ತು ನಿಮಿಷ. ದೋಣಿಗಳೂ ಹೆಚ್ಚು. ನಾಗಪೂಷಣಿ ಅಮ್ಮನ ಗುಡಿ ಶಕ್ತಿಪೀಠಗಳಲ್ಲಿ ಒಂದು ಎಂಬ ನಂಬಿಕೆ. ಅಲ್ಲೇ ಸ್ವಲ್ಪ ದೂರಕ್ಕೆ ನಾಗದೀಪ ವಿಹಾರ. ಒಂದು ಸಿಂಹಾಸನಕ್ಕಾಗಿ ಕಿತ್ತಾಡುತ್ತಿದ್ದ ಇಬ್ಬರು ನಾಗರಾಜರನ್ನು ಬುದ್ಧ ಇಲ್ಲಿಗೆ ಬಂದು ರಾಜಿ ಮಾಡಿಸಿದ ಎಂದು ಲಂಕೆಯ ಹಳೆಯ ಚರಿತ್ರೆ ಗ್ರಂಥ ಮಹಾವಂಶ ಹೇಳುತ್ತದೆ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಇದೇ ಸಾಕು.

ನನ್ನ ಮೆಚ್ಚಿನದು ನೆಡುಂತೀವು, ಇನ್ನೊಂದು ಹೆಸರು ಡೆಲ್ಫ್ಟ್. ದೋಣಿಯಲ್ಲಿ ಸುಮಾರು ಒಂದು ಗಂಟೆ. ದಿನಕ್ಕೆ ಕೆಲವೇ ದೋಣಿ. ಇವತ್ತು ಎಷ್ಟು ಗಂಟೆಗೆ ಹೋಗುತ್ತದೆ, ವಾಪಸ್ ಎಷ್ಟಕ್ಕೆ ಎಂದು ಹಿಂದಿನ ಸಂಜೆ ಹೋಟೆಲಿನವರಿಂದ ಫೋನ್ ಮಾಡಿಸಿ ಕೇಳಿ. ಇಂಟರ್ನೆಟ್ಟಿನಲ್ಲಿರುವ ವೇಳಾಪಟ್ಟಿ ಹಳೆಯದಿರಬಹುದು. ದ್ವೀಪದಲ್ಲಿ ಇಳಿದ ತಕ್ಷಣ ಮಾಡಬೇಕಾದ ಮೊದಲ ಕೆಲಸ, ಹಿಂದಿರುಗುವ ಕೊನೆಯ ದೋಣಿ ಯಾವಾಗ ಎಂದು ಮತ್ತೊಮ್ಮೆ ಕೇಳುವುದು. ಎರಡನೆಯದು ಆಟೊ ಗೊತ್ತು ಮಾಡುವುದು. ದ್ವೀಪ ಸುಮಾರು 50 ಚದರ ಕಿಲೋಮೀಟರ್ ಇದೆ, ಆ ಬಿಸಿಲಿನಲ್ಲಿ ನಡೆದು ಮುಗಿಯುವುದಿಲ್ಲ.

ಅಲ್ಲಿ ನೋಡುವುದೇನು? ಮೊದಲು ಗೋಡೆಗಳನ್ನು ನೋಡಿ. ಮನೆ, ಹೊಲ, ಖಾಲಿ ಜಾಗ ಎಲ್ಲಕ್ಕೂ ಹವಳದ ಕಲ್ಲಿನ ಬೇಲಿ. ಗಾರೆ ಹಾಕದೆ ಒಂದರ ಮೇಲೊಂದು ಪೇರಿಸಿದ್ದು. ಹತ್ತಿರ ಹೋದರೆ ಒಂದೊಂದು ಕಲ್ಲಿನಲ್ಲೂ ಹವಳದ ಗೆರೆಗಳು, ತೂತುಗಳು ಕಾಣುತ್ತವೆ. ಬಯಲಿನಲ್ಲಿ ಕುದುರೆಗಳು ತಮ್ಮ ಪಾಡಿಗೆ ಮೇಯುತ್ತಿರುತ್ತವೆ. ಯುರೋಪಿನವರು ಸಾಕಿ ಬಿಟ್ಟುಹೋದ ಕುದುರೆಗಳ ಸಂತತಿ, ಕುಳ್ಳಗೆ ಇರುತ್ತವೆ. ಮುಟ್ಟಲು, ತಿನ್ನಿಸಲು ಹೋಗಬೇಡಿ. ಹಳೆಯ ಕೋಟೆಯ ಅವಶೇಷ, ಪಾರಿವಾಳದ ಗೂಡು, ದಪ್ಪ ಬುಡದ ಬಾವೊಬಾಬ್ ಮರ ಇವೂ ಇವೆ. ನೆರಳು ಕಡಿಮೆ. ಟೋಪಿ, ಕುಡಿಯುವ ನೀರು, ತಿನ್ನಲು ಏನಾದರೂ ಕೈಯಲ್ಲಿರಲಿ. ದೋಣಿಯಲ್ಲಿ ಡೆಕ್ಕಿನ ಕೆಳಗೆ ಕೂರಿಸಿದರೆ ಡೀಸೆಲ್ ವಾಸನೆ ಹೊಡೆಯುತ್ತದೆ. ವಾಂತಿಯಾಗುವವರು ಮಾತ್ರೆ ಮೊದಲೇ ನುಂಗಿ.

ಹೆಜ್ಜೆ 6: ಊರೊಳಗಿನ ದಿನ

ನೆಲ ಸಪಾಟು. ಸೈಕಲ್ ಬಾಡಿಗೆಗೆ ಸಿಕ್ಕರೆ ಅದೇ ವಾಸಿ. ಇಲ್ಲದಿದ್ದರೆ ಆಟೊ, ಪಿಕ್‌ಮಿ ಆ್ಯಪಿನಲ್ಲಿ ದರ ನೋಡಿಕೊಂಡು ಮಾತಾಡಿ. ಸ್ಕೂಟರ್ ಓಡಿಸುವ ಆಸೆಯಿದ್ದರೆ ನಮ್ಮ ಲೈಸೆನ್ಸ್ ಮಾತ್ರ ಸಾಲದು, ಅಲ್ಲಿನ ಅನುಮತಿಯೂ ಬೇಕು.

ಬೆಳಿಗ್ಗೆ ಕೋಟೆ. ಪೋರ್ಚುಗೀಸರು ಕಟ್ಟಿದ್ದು, 1658ರಲ್ಲಿ ಕಿತ್ತುಕೊಂಡ ಡಚ್ಚರು ಐದು ಮೂಲೆಯ ಕೋಟೆಯಾಗಿ ಬೆಳೆಸಿದ್ದು. ಗೋಡೆ ಮೇಲೆ ಒಂದು ಸುತ್ತು ಹಾಕಿ ಬನ್ನಿ, ಸಾಕು. ಹತ್ತಿರದಲ್ಲೇ ಬಿಳಿ ಬಣ್ಣದ ಸಾರ್ವಜನಿಕ ಗ್ರಂಥಾಲಯ. 1981ರ ಮೇ–ಜೂನ್ ನಡುವಿನ ಒಂದು ರಾತ್ರಿ ಇದಕ್ಕೆ ಬೆಂಕಿ ಇಟ್ಟರು. ಓಲೆಗರಿಗಳೂ ಸೇರಿ ಸುಮಾರು 97 ಸಾವಿರ ಪುಸ್ತಕ ಸುಟ್ಟುಹೋದವು. ಮತ್ತೆ ತೆರೆದದ್ದು 2003ರಲ್ಲಿ. ಈಗ ಒಳಗೆ ಹುಡುಗರು ಪರೀಕ್ಷೆಗೆ ಓದುತ್ತಾ ಕೂತಿರುತ್ತಾರೆ, ಕ್ಯಾಮೆರಾ ಚೀಲದಲ್ಲೇ ಇರಲಿ.

ಸಂಜೆ ನಲ್ಲೂರು. ಹಳೆಯ ಗುಡಿಯನ್ನು ಪೋರ್ಚುಗೀಸರು ಕೆಡವಿದ್ದರು. ಈಗಿನದು 1734ರ ಹೊತ್ತಿನದು. ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು, ಹಾಗಾಗಿ ಒಂದು ಪಂಚೆ ಒಯ್ಯುವುದು ಒಳ್ಳೆಯದು. ಒಳಗೆ ಫೋಟೊ ಇಲ್ಲ. ಪೂಜೆಯ ವೇಳೆಯನ್ನು ಬಹಳ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ, ಐದು ನಿಮಿಷ ಮೊದಲೇ ನಿಂತಿರಿ.

ಹೆಜ್ಜೆ 7: ಉತ್ತರ ಕರಾವಳಿ

ಇದಕ್ಕೊಂದು ಆಟೊ ದಿನಪೂರ್ತಿ ಮಾಡಿಕೊಳ್ಳಿ. ಕೀರಿಮಲೈಯಲ್ಲಿ ಸಮುದ್ರದ ಪಕ್ಕದಲ್ಲೇ ಸಿಹಿನೀರಿನ ಚಿಲುಮೆ, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೊಳ. ಮುಳುಗು ಹಾಕುವವರು ಬದಲಿ ಬಟ್ಟೆ ಒಯ್ಯಿರಿ. ಪಕ್ಕದ ನಗುಲೇಶ್ವರಂ ಲಂಕೆಯ ಪಂಚ ಈಶ್ವರ ಕ್ಷೇತ್ರಗಳಲ್ಲಿ ಒಂದು. ಅಲ್ಲಿಂದ ಪೂರ್ವಕ್ಕೆ ಕರಾವಳಿ ಹಿಡಿದು ಪರುತ್ತಿತುರೈ, ಮ್ಯಾಪಿನಲ್ಲಿ ಪಾಯಿಂಟ್ ಪೀಡ್ರೊ. ಇನ್ನೂ ಮುಂದೆ ಹೋದರೆ ಮಣಲ್ಕಾಡು. ಮರಳು ದಿಬ್ಬಗಳ ನಡುವೆ ಅರ್ಧ ಹೂತುಹೋದ ಸಂತ ಅಂತೋಣಿಯ ಹಳೇ ಚರ್ಚು ಇದೆ.

ಈಜು, ಬೀಚು ಎನ್ನುವವರಿಗೆ ಕಾರೈನಗರದ ಕ್ಯಾಸುರಿನಾ ಬೀಚ್. ನೀರು ಆಳವಿಲ್ಲ, ಮಕ್ಕಳಿಗೆ ಚೆನ್ನ. ನಿಜ ಹೇಳಬೇಕೆಂದರೆ ಬೀಚಿಗೋಸ್ಕರವೇ ಲಂಕೆಗೆ ಹೋಗುವವರು ಜಾಫ್ನಾ ಬಿಟ್ಟು ದಕ್ಷಿಣಕ್ಕೆ ಹೋಗುವುದೇ ಸರಿ.

ಹೆಜ್ಜೆ 8: ಊಟ

ಸಸ್ಯಾಹಾರಿಗಳು ಉಪ್ಪಿನಕಾಯಿ ಬಾಟಲಿ ಹೊತ್ತೊಯ್ಯುವ ಅಗತ್ಯ ಇಲ್ಲ. ದೋಸೆ, ಇಡಿಯಪ್ಪಂ, ಪುಟ್ಟು ಎಲ್ಲ ಕಡೆ ಸಿಗುತ್ತದೆ. ತೆಂಗಿನ ಹಾಲಿನ ತೆಳು ಸೊದಿ ಜೊತೆಗೆ ಬರುತ್ತದೆ. ಕೆಲವು ಕಡೆ ಅದಕ್ಕೆ ಮೀನು ಹಾಕುತ್ತಾರೆ, ಕೇಳಿಕೊಳ್ಳಿ. ಪೇಟೆಯ ಮಲಯನ್ ಕೆಫೆಯಲ್ಲಿ ಬಾಳೆ ಎಲೆ ಊಟ. ಉಂಡಾದ ಮೇಲೆ ಎಲೆಯನ್ನು ನೀವೇ ಎತ್ತಿ ಗೋಡೆಯಲ್ಲಿರುವ ಕಿಂಡಿಯೊಳಗೆ ತಳ್ಳಬೇಕು. ಮೀನು ಮಾಂಸ ತಿನ್ನುವವರಿಗೆ ಏಡಿ ಸಾರು, ಒಡಿಯಲ್ ಕೂಳು. ಕೂಳು ಅಂದರೆ ತಾಳೆ ಗೆಡ್ಡೆಯ ಹಿಟ್ಟು ಹಾಕಿ ಕುದಿಸಿದ ಮೀನು, ಏಡಿ, ಸಿಗಡಿಯ ಗಟ್ಟಿ ಸಾರು. ಖಾರ ನಮ್ಮ ಉತ್ತರ ಕರ್ನಾಟಕದವರಿಗೂ ಸಾಕೆನಿಸೀತು. ಬಾಯಿ ಉರಿ ತಣಿಯಲು ನಲ್ಲೂರಿನ ರಿಯೊ ಐಸ್‌ಕ್ರೀಂ ಇದೆ. ಪರುತ್ತಿತುರೈ ವಡೆ ಹೆಸರಿಗೆ ವಡೆ, ತಿಂದರೆ ನಮ್ಮ ನಿಪ್ಪಟ್ಟಿನ ಹಾಗೆ.

ಹೆಜ್ಜೆ 9: ಒಂದಿಷ್ಟು ಎಚ್ಚರ

1983ರಿಂದ 2009ರವರೆಗೆ ಯುದ್ಧ ಕಂಡ ನಾಡು ಇದು. ಸೇನೆಯ ಕ್ಯಾಂಪು, ಚೆಕ್‌ಪೋಸ್ಟ್‌ಗಳ ಫೋಟೊ ತೆಗೆಯಬೇಡಿ. ನೆಲಬಾಂಬಿನ ಎಚ್ಚರಿಕೆಯ ಕೆಂಪು ಫಲಕ ಕಂಡರೆ ಆಚೆ ಕಾಲಿಡಬೇಡಿ, ಪಾಳುಬಿದ್ದ ಮನೆಗಳೊಳಗೆ ನುಗ್ಗಬೇಡಿ. ಜನ ಮಾತಿಗೆ ಸಿಗುತ್ತಾರೆ, ತಮಿಳು ಅಲ್ಪಸ್ವಲ್ಪ ಬಂದರೆ ಇನ್ನೂ ಹತ್ತಿರವಾಗುತ್ತಾರೆ. ಅಣ್ಣಾ, ಅಕ್ಕಾ ಎಂದರೆ ಸಾಕು. ಆದರೆ ಯುದ್ಧದ ವಿಷಯ ನೀವಾಗಿ ಎತ್ತಬೇಡಿ. ಅವರು ಹೇಳಿದರೆ ಕೇಳಿ. ಎಷ್ಟೋ ಮನೆಗಳಲ್ಲಿ ಕಾಣೆಯಾದವರು ಇನ್ನೂ ಸಿಕ್ಕಿಲ್ಲ.

ಹೆಜ್ಜೆ 10: ಚೀಲ ಕಟ್ಟುವಾಗ

ದೋಣಿ ತಪ್ಪದೆ ಖಾಲಿ ದಿನ ಹಾಗೇ ಉಳಿದಿದ್ದರೆ ಜಾಫ್ನಾ ಮಾರುಕಟ್ಟೆಗೆ ಹೋಗಿ. ತಾಳೆಗರಿಯ ಬುಟ್ಟಿ, ಒಡಿಯಲ್ ಅಂದರೆ ಒಣಗಿಸಿದ ತಾಳೆ ಗೆಡ್ಡೆ ಸಿಗುತ್ತವೆ. ತಾಳೆಹಣ್ಣಿನ ತಿರುಳನ್ನು ಒಣಗಿಸಿ ಮಾಡಿದ ಪಿನಾಟ್ಟು ಕೇಳಿ. ಅದರ ರುಚಿ ಎಲ್ಲರಿಗೂ ಹಿಡಿಸುವುದಿಲ್ಲ, ಸ್ವಲ್ಪ ತಿಂದು ನೋಡಿಯೇ ಕೊಳ್ಳಿ. ಮನೆಗೆ ತರಲು ತಾಳೆ ಬೆಲ್ಲವೇ ಸರಿ, ಪುಟ್ಟ ಗರಿಬುಟ್ಟಿಗಳಲ್ಲಿ ತುಂಬಿ ಮಾರುತ್ತಾರೆ. ಬುಟ್ಟಿಗೆ ಇರುವೆ ಬೇಗ ಹತ್ತುತ್ತದೆ. ಎರಡು ಪ್ಲಾಸ್ಟಿಕ್ ಕವರಿನಲ್ಲಿ ಗಟ್ಟಿಯಾಗಿ ಸುತ್ತಿ, ಬಟ್ಟೆಗಳಿಂದ ದೂರ ಇಡಿ.